ಹೊಸ ಕಿಟಕಿ ಸೋರಿದರೆ ಯಾರನ್ನು ಕೇಳಬೇಕು?

ಕೆಲಸಕ್ಕೆಂದು ಚೆನ್ನೈಗೆ ಹೊರಟವರಿಗೆ ಊರಲ್ಲಿ ಎಲ್ಲರೂ ಇಲ್ಲಿನ ಬಿಸಿಲಿನ ಬಗ್ಗೆ ಹೇಳಿ ಕಳಿಸುತ್ತಾರೆ. ಮಳೆಯ ಬಗ್ಗೆ ಯಾರೂ ಹೇಳುವುದಿಲ್ಲ. ನಮ್ಮ ತಿಪಟೂರಿನ ಕಡೆ ಮಳೆ ಹೆಚ್ಚಾಗಿ ಮೇಲಿಂದ ಕೆಳಕ್ಕೆ ಬೀಳುತ್ತದೆ. ಹಂಚಿನ ಸೂರು ಎರಡಡಿ ಮುಂದಕ್ಕೆ ಚಾಚಿದ್ದರೆ ಕಿಟಕಿಗೆ ನೀರು ತಾಗುವುದೇ ಅಪರೂಪ. ಚೆನ್ನೈಯಲ್ಲಿ ವರ್ಷಕ್ಕೆ ಸುಮಾರು 1400 ಮಿಲಿಮೀಟರ್ ಮಳೆಯಾಗುತ್ತದೆ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗಿನ ಹಿಂಗಾರಿನದು. ಆ ಮಳೆ ಬಂಗಾಳ ಕೊಲ್ಲಿಯ ಕಡೆಯಿಂದ ಗಾಳಿಯ ಜೊತೆ ಬರುತ್ತದೆ. ವಾಯುಭಾರ ಕುಸಿತ ಆದ ದಿನ ಅಡ್ಡಡ್ಡ ಹೊಡೆಯುತ್ತದೆ. ಪೂರ್ವಕ್ಕೆ ಮುಖ ಮಾಡಿದ ಮನೆಯಲ್ಲಿ ಅಂಥ ದಿನ ಕಿಟಕಿಯೇ ಗೋಡೆಯ ಕೆಲಸ ಮಾಡಬೇಕಾಗುತ್ತದೆ.

ನಾವಿರುವುದು ತಿರುವಾನ್ಮಿಯೂರಿನ ಹಳೆಯ ಅಪಾರ್ಟ್‌ಮೆಂಟ್ ಒಂದರ ಮೂರನೇ ಮಹಡಿಯಲ್ಲಿ. ಸಮುದ್ರ ಹತ್ತಿರ. ಉಪ್ಪುಗಾಳಿಗೆ ಗ್ರಿಲ್ಲು, ಚಿಲಕ, ತಿರುಗಣೆ ಎಲ್ಲವೂ ತುಕ್ಕು ಹಿಡಿದಿದ್ದವು. ಮರದ ಬಾಗಿಲುಗಳು ಮಳೆಗಾಲದಲ್ಲಿ ಊದಿಕೊಂಡು ಮುಚ್ಚಲು ಬರುತ್ತಿರಲಿಲ್ಲ. ಎರಡು ಚೌಕಟ್ಟಿಗೆ ಗೆದ್ದಲು ಬೇರೆ. 2024ರ ಸೆಪ್ಟೆಂಬರ್‌ನಲ್ಲಿ ನಾಲ್ಕೂ ಕಿಟಕಿ ತೆಗೆಸಿ ಯುಪಿವಿಸಿ ಸ್ಲೈಡಿಂಗ್ ಕಿಟಕಿ ಹಾಕಿಸಿದೆವು. ಒಟ್ಟು 1.46 ಲಕ್ಷ ರೂಪಾಯಿ. ಒಂದೇ ದಿನದಲ್ಲಿ ಕೆಲಸ ಮುಗಿಯಿತು. ನೋಡಲು ಚೆನ್ನಾಗಿಯೇ ಇತ್ತು.

ಅಕ್ಟೋಬರ್ ನಡುವಿನ ಮಳೆಗೆ ಅತ್ತೆ ಮಲಗುವ ಕೋಣೆಯ ಕಿಟಕಿಯ ಕೆಳಗೆ ಗೋಡೆ ತೇವವಾಯಿತು. ನವೆಂಬರ್ 30ರಂದು ಫೆಂಗಲ್ ಚಂಡಮಾರುತ ಪುದುಚೇರಿ ಬಳಿ ದಡ ಮುಟ್ಟಿತು. ಅಂದು ಚೆನ್ನೈಯಲ್ಲಿ ವಿಮಾನ ನಿಲ್ದಾಣವನ್ನೇ ಮುಚ್ಚಿದ್ದರು. ನಮ್ಮ ಮನೆಯಲ್ಲಿ ಚೌಕಟ್ಟಿನ ಮೂಲೆಗಳಿಂದ ನೀರು ಧಾರೆಯಾಗಿ ಇಳಿಯಿತು. ವಾರದೊಳಗೆ ಆ ಗೋಡೆಗೆ ಕಪ್ಪು ಬೂಷ್ಟು ಹಿಡಿಯಿತು. ಅತ್ತೆಗೆ ಉಬ್ಬಸವಿದೆ, ರಾತ್ರಿ ಕೆಮ್ಮು ನಿಲ್ಲದೆ ಅವರ ಹಾಸಿಗೆಯನ್ನು ಹಾಲ್‌ಗೆ ತಂದೆವು. ಕೆಳಮನೆಯ ಮಾಮಿಯ ಮಲಗುವ ಕೋಣೆಯ ಚಾವಣಿಯಲ್ಲೂ ಹಳದಿ ಕಲೆ ಮೂಡಿತು. ಅವರು ಮೇಲೆ ಬಂದು, ಸಿಟ್ಟಿನಿಂದಲ್ಲ, ಸಂಕಟದಿಂದಲೇ ಕೇಳಿದರು: "ಏನಮ್ಮಾ, ಇಪ್ಪತ್ತು ವರ್ಷ ಇಲ್ಲದ್ದು ಈಗ ಹೇಗೆ ಬಂತು?"

ಅದೇ ಪ್ರಶ್ನೆಯನ್ನು ಕಿಟಕಿ ಹಾಕಿದ ಸಂಸ್ಥೆಗೆ ಕೇಳಿದೆ. ಬಂದ ಉತ್ತರಗಳು ಮೂರು: ಇದು ಎ.ಸಿ.ಯಿಂದ ಆಗುವ ತೇವ. ನಿಮ್ಮ ಕಟ್ಟಡ ಹಳೆಯದು, ಗೋಡೆಯಲ್ಲೇ ಬಿರುಕಿದೆ. ಚಂಡಮಾರುತದಲ್ಲಿ ಎಲ್ಲರ ಮನೆಯೂ ಸೋರುತ್ತದೆ.

ಸೋರುವುದು ಎಲ್ಲಿಂದ?

ನಾನು ಶ್ರೀಪೆರಂಬದೂರಿನ ವಾಹನ ಬಿಡಿಭಾಗಗಳ ಕಾರ್ಖಾನೆಯೊಂದರಲ್ಲಿ ಗುಣಮಟ್ಟ ವಿಭಾಗದಲ್ಲಿದ್ದೇನೆ. ಅಲ್ಲಿ ಯಾವ ಭಾಗದ ಮೇಲೂ "ಸರಿಯಿಲ್ಲ" ಎಂದಷ್ಟೇ ಬರೆದು ವಾಪಸ್ ಕಳಿಸುವಂತಿಲ್ಲ. ಎಲ್ಲಿ, ಎಷ್ಟು, ಹೇಗೆ ಅಳೆದದ್ದು ಎಂದು ಬರೆಯಬೇಕು. ಕಿಟಕಿಗೂ ಹಾಗೇ ಮಾಡೋಣವೆಂದು ನಾನೂ ಯಜಮಾನರೂ ಒಂದು ಭಾನುವಾರ, ಮಳೆಯಿಲ್ಲದ ದಿನ, ಕುಳಿತೆವು.

ಅತ್ತೆಯ ಕೋಣೆಯ ಕಿಟಕಿ ಬಾಲ್ಕನಿಗೆ ತಾಗಿಕೊಂಡೇ ಇದೆ. ಅಲ್ಲಿ ನಿಂತರೆ ನೀರಿನ ಪೈಪು ಹೊರಗಿನಿಂದ ಸಿಗುತ್ತದೆ. ಇಂಥ ಪರೀಕ್ಷೆಯನ್ನು ಕೆಳಗಿನಿಂದ ಶುರು ಮಾಡಬೇಕು. ಮೊದಲೇ ಮೇಲೆ ನೀರು ಬಿಟ್ಟರೆ ಅದು ಎಲ್ಲ ಕಡೆ ಇಳಿದು ಯಾವ ಸಂದಿಯಿಂದ ಬಂತೆಂದು ತಿಳಿಯುವುದಿಲ್ಲ. ಚೌಕಟ್ಟಿನ ಕೆಳಸಂದಿಗೆ ಹತ್ತು ನಿಮಿಷ, ಆಮೇಲೆ ಪಕ್ಕದ ಸಂದಿಗಳಿಗೆ, ಕೊನೆಗೆ ಮೇಲ್ಭಾಗಕ್ಕೆ. ಒಬ್ಬರು ಹೊರಗೆ, ಒಬ್ಬರು ಒಳಗೆ ಮೊಬೈಲ್ ಹಿಡಿದು. ಆರನೇ ನಿಮಿಷಕ್ಕೆ ಎಡಮೂಲೆಯ ಕೆಳಗೆ ನೀರು ಒಸರಿತು. ಆ ದಿನ ಎ.ಸಿ. ಹಾಕಿರಲಿಲ್ಲ, ಚಂಡಮಾರುತವೂ ಇರಲಿಲ್ಲ. ಗೋಡೆಯ ಬೇರೆ ಕಡೆ ನೀರು ಬಿಟ್ಟಾಗ ಏನೂ ಆಗಲಿಲ್ಲ. ಮೂರು ಉತ್ತರಗಳಿಗೂ ಅಲ್ಲೇ ಜವಾಬು ಸಿಕ್ಕಿತು.

ಪೈಪಿಗೆ ಸಿಗದ ಕಿಟಕಿಗಳಿಗೆ ಬಾಟಲಿ ಸಾಕು. ಸ್ಲೈಡಿಂಗ್ ಕಿಟಕಿಯ ಕೆಳಹಳಿಗೆ ಸ್ವಲ್ಪ ನೀರು ಸುರಿದು ನೋಡಿ. ಗಾಳಿಮಳೆಗೆ ಹಳಿಯೊಳಗೆ ನೀರು ಬರುವುದು ಸ್ಲೈಡಿಂಗ್ ಕಿಟಕಿಯ ಸ್ವಭಾವ. ಅಲ್ಲಿ ತಡೆಯುವುದು ಬರೀ ಬ್ರಷ್‌ನಂಥ ಪಟ್ಟಿ. ಆ ನೀರು ಹೊರಹೋಗಲೆಂದೇ ಚೌಕಟ್ಟಿನ ಹೊರಮುಖದ ಕೆಳಗೆ ಸಣ್ಣ ಕಿಂಡಿಗಳಿರುತ್ತವೆ. ನಮ್ಮ ಎರಡು ಕಿಟಕಿಗಳಲ್ಲಿ ಸುರಿದ ನೀರು ಅಲ್ಲೇ ನಿಂತಿತು. ಪ್ಲಾಸ್ಟರ್ ತೇಪೆ ಹಾಕುವಾಗ ಕಿಂಡಿಗಳನ್ನೇ ಮುಚ್ಚಿಬಿಟ್ಟಿದ್ದರು. ಹೊರಹೋಗಲು ದಾರಿಯಿಲ್ಲದ ನೀರು ಒಳಗೆ ಬರುತ್ತಿತ್ತು.

ಕಿಟಕಿ ಒಳ್ಳೆಯದು, ಕೂರಿಸಿದ್ದು ಕೆಟ್ಟದ್ದು

ಉಳಿದದ್ದನ್ನು ತೋರಿಸಿಕೊಟ್ಟವರು ನಮ್ಮ ಬೀದಿಯಲ್ಲಿ ಕೆಲಸ ಮಾಡುವ, ಅರವತ್ತು ದಾಟಿದ ಒಬ್ಬ ಗಾರೆ ಕೆಲಸದವರು. ಇಲ್ಲಿ ಅವರನ್ನು ಕೊತ್ತನಾರ್ ಎನ್ನುತ್ತಾರೆ. ತಮಿಳಿನಲ್ಲಿ ಕಿಟಕಿ ಜನ್ನಲ್ ಆದರೂ ಅವರು ಚೀಲದಿಂದ ತೆಗೆದದ್ದು ರಸಮಟ್ಟ, ಮೂಲೆಮಟ್ಟ. ನಮ್ಮೂರ ಮೇಸ್ತ್ರಿಗಳ ಬಾಯಲ್ಲಿ ಕೇಳಿದ ಹೆಸರುಗಳೇ. ಭಾಷೆಯ ಅಳುಕು ಅಲ್ಲಿಗೆ ಅರ್ಧ ಹೋಯಿತು. ರಸಮಟ್ಟವನ್ನು ಕಿಟಕಿಯ ಹೊರಗಿನ ಕಟ್ಟೆಯ ಮೇಲಿಟ್ಟು, "ನೋಡಮ್ಮಾ, ಇಳಿಜಾರು ಮನೆಯೊಳಕ್ಕೆ ಇದೆ" ಎಂದರು. ಹಳೆಯ ಮರದ ಚೌಕಟ್ಟು ಗೋಡೆಯೊಳಗೆ ಕಬ್ಬಿಣದ ಪಟ್ಟಿಗಳಿಂದ ಕಚ್ಚಿಕೊಂಡಿರುತ್ತದೆ. ಕೀಳುವಾಗ ಇಟ್ಟಿಗೆಯ ಅಂಚು ಒಡೆಯುತ್ತದೆ. ಆ ಅಂಚನ್ನು ಗಾರೆಯಿಂದ ಕಟ್ಟಿ, ಕಟ್ಟೆಗೆ ಹೊರಕ್ಕೆ ಇಳಿಜಾರು ಕೊಟ್ಟು, ಒಣಗಲು ಬಿಟ್ಟು ಆಮೇಲೆ ಹೊಸ ಚೌಕಟ್ಟು ಕೂರಿಸಬೇಕು. ಒಂದೇ ದಿನದಲ್ಲಿ ನಾಲ್ಕು ಕಿಟಕಿ ಮುಗಿಸಿದರೆ ಒಣಗಲು ಹೊತ್ತೆಲ್ಲಿ?

ಮೇಲ್ಭಾಗದಲ್ಲಿ ಚೌಕಟ್ಟಿಗೂ ಗೋಡೆಗೂ ನಡುವೆ 25 ಮಿಲಿಮೀಟರ್ ಸಂದಿ ಇತ್ತು. ಅದರಲ್ಲಿ ರಟ್ಟು ತುರುಕಿ ಮೇಲೆ ಸಿಲಿಕೋನ್ ಬಳಿದಿದ್ದರು. ಸಂದಿ ಬೇಡವೆಂದಲ್ಲ. ಯುಪಿವಿಸಿ ಬಿಸಿಲಿಗೆ ಹಿಗ್ಗುತ್ತದೆ. ಎರಡು ಮೀಟರ್ ಉದ್ದದ ತುಂಡು 30 ಡಿಗ್ರಿ ಬಿಸಿಯೇರಿದರೆ ಸುಮಾರು 4 ಮಿಲಿಮೀಟರ್ ಬೆಳೆಯುತ್ತದೆ. ಚೆನ್ನೈ ಬೇಸಿಗೆಗೆ ಅಷ್ಟು ಜಾಗ ಬಿಡಲೇಬೇಕು. ಆದರೆ ಅದನ್ನು ಫೋಮ್‌ನಿಂದ ತುಂಬಿ ಮೇಲೆ ಸೀಲ್ ಮಾಡಬೇಕು. ಸಿಲಿಕೋನ್ ಒಂದೇ ಅಷ್ಟು ಅಗಲ ತಾಳುವುದಿಲ್ಲ. ಬಳಸಿದ ಸಿಲಿಕೋನ್ ಕೂಡ ಹಾಕಿದ ದಿನ ವಿನೆಗರ್‌ನಂತೆ ಘಾಟು ಹೊಡೆದಿತ್ತು. ಆ ಬಗೆಯದು ಗಾಜಿಗೆ ಅಂಟುತ್ತದೆ, ಸಿಮೆಂಟಿನ ಮೇಲೆ ನಿಲ್ಲುವುದಿಲ್ಲ. ಗೋಡೆಗೆ 'ನ್ಯೂಟ್ರಲ್' ಎಂದು ಬರೆದಿರುವುದು ಬೇಕು. ಕೊತ್ತನಾರ್ ಉಗುರಿನಿಂದ ಎತ್ತಿದರೆ ಒಂದು ಅಡಿ ಉದ್ದ ಸಲೀಸಾಗಿ ಎದ್ದು ಬಂತು.

ಎಲ್ಲಕ್ಕಿಂತ ದೊಡ್ಡ ದೋಷ ಬೇರೆಯೇ ಇತ್ತು. ಬಾಲ್ಕನಿ ಪಕ್ಕದ್ದನ್ನು ಬಿಟ್ಟರೆ ಉಳಿದ ಮೂರು ಕಿಟಕಿಗಳಿಗೆ ಹೊರಗಿನಿಂದ ಸೀಲ್ ಮಾಡಿಯೇ ಇರಲಿಲ್ಲ. ಮೂರನೇ ಮಹಡಿಯಲ್ಲಿ ಹೊರಗೆ ನಿಲ್ಲಲು ಸಾರುವೆ ಬೇಕು, ಇಲ್ಲವೇ ಹಗ್ಗ, ಸೊಂಟಪಟ್ಟಿ. ಅವು ಇರಲಿಲ್ಲ. ಒಳಗಿನಿಂದ ಕೈ ಚಾಚಿದಷ್ಟು ಬಳಿದು ಹೋಗಿದ್ದರು. ಕಿಟಕಿ ಕೂರಿಸಿದ ಹುಡುಗರು ಬಿಹಾರದವರು. ಕಿಟಕಿಗೆ ಇಷ್ಟೆಂದು ಕೂಲಿ ಎಂದು ಅವರಲ್ಲೊಬ್ಬ ಹೇಳಿದ್ದ. ಹಗ್ಗ ಕೊಡದೆ ಮೂರನೇ ಮಹಡಿಗೆ ಕಳಿಸಿದವರ ತಪ್ಪನ್ನು ಆ ಹುಡುಗರ ತಲೆಗೆ ಕಟ್ಟಲು ನನಗೆ ಮನಸ್ಸಾಗಲಿಲ್ಲ. ದೂರಿನಲ್ಲೂ ಹಾಗೆ ಬರೆಯಲಿಲ್ಲ.

ದೂರು ಬರೆಯುವ ಬಗೆ

ನನ್ನ ಮೊದಲ ಫೋನ್‌ಗಳಿಗೆ ಯಾವ ಬೆಲೆಯೂ ಸಿಗಲಿಲ್ಲ. "ಸೋರುತ್ತಿದೆ" ಎಂದರೆ "ಕಟ್ಟಡ ಹಳೆಯದು" ಎಂಬ ಉತ್ತರ ಅವರ ಬಳಿ ಸಿದ್ಧವಿತ್ತು. ಇಮೇಲ್‌ನಲ್ಲಿ ಬಿಲ್ಲಿನ ಸಂಖ್ಯೆ ಹಾಕಿ, ನಾಲ್ಕು ಕಿಟಕಿಗೆ ನಾಲ್ಕು ಸಾಲು ಬರೆದೆ: ಇಂಥ ಕಿಟಕಿಯಲ್ಲಿ ಕಿಂಡಿ ಮುಚ್ಚಿದೆ, ಇಂಥದ್ದರ ಕಟ್ಟೆ ಒಳಕ್ಕೆ ಇಳಿಜಾರಾಗಿದೆ, ಇಂಥದ್ದರಲ್ಲಿ ಸಂದಿ 25 ಮಿಲಿಮೀಟರ್, ಇಂಥವಕ್ಕೆ ಹೊರಗೆ ಸೀಲ್ ಇಲ್ಲ. ಟೇಪು ಹಿಡಿದ ಫೋಟೊ, ನೀರಿನ ಪರೀಕ್ಷೆಯ ವಿಡಿಯೊ, ಮಾಮಿ ಮನೆಯ ಚಾವಣಿಯ ಚಿತ್ರ ಲಗತ್ತಿಸಿದೆ. ಹದಿನೈದು ದಿನ ಗಡುವು ಕೊಟ್ಟೆ. ಉತ್ತರ ಬರಲಿಲ್ಲ.

ಹದಿನಾರನೇ ದಿನ 1915ಕ್ಕೆ ಫೋನ್ ಮಾಡಿದೆ. ಇದು ಕೇಂದ್ರ ಸರ್ಕಾರದ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. 17 ಭಾಷೆಗಳಲ್ಲಿ ಸೇವೆ ಇದೆ, ಅದರಲ್ಲಿ ಕನ್ನಡವೂ ಒಂದು. ಚೆನ್ನೈಯಲ್ಲಿ ಕೂತು ಚೆನ್ನೈಯ ಸಂಸ್ಥೆಯ ಮೇಲೆ ಕನ್ನಡದಲ್ಲೇ ದೂರು ಹೇಳಿದೆ. ಹೊರಗಿದ್ದು ದುಡಿಯುವ ನಮ್ಮಂಥವರಿಗೆ ಇದು ಸಣ್ಣ ಅನುಕೂಲವಲ್ಲ. ಸಿಟ್ಟು ಬಂದಾಗ ಪರಭಾಷೆಯಲ್ಲಿ ಮಾತು ತಡವರಿಸುತ್ತದೆ. ತಡವರಿಸುವವರ ದೂರು ಹಗುರವಾಗಿ ಕಾಣುತ್ತದೆ. ಸಹಾಯವಾಣಿಗೆ ತೀರ್ಪು ಕೊಡುವ ಅಧಿಕಾರವಿಲ್ಲ. ಸಂಸ್ಥೆಗೆ ದೂರು ತಲುಪಿಸಿ ಉತ್ತರ ಕೇಳುತ್ತದೆ, ಅಷ್ಟೆ. ನಮ್ಮ ವಿಷಯದಲ್ಲಿ ಅಷ್ಟರಿಂದಲೇ ಹಿರಿಯ ಮೇಲ್ವಿಚಾರಕರೊಬ್ಬರು ಮನೆಗೆ ಬಂದರು. ಪಟ್ಟಿ ಹಿಡಿದು ಒಂದೊಂದನ್ನೂ ನೋಡಿದರು. "ಕಟ್ಟಡ ಹಳೆಯದು" ಎಂದು ಒಮ್ಮೆಯೂ ಹೇಳಲಿಲ್ಲ.

ಎರಡು ಕಿಟಕಿಗಳನ್ನು ಪೂರ್ತಿ ತೆಗೆದು, ಕಟ್ಟೆ ಸರಿಮಾಡಿ, ಒಣಗಲು ಬಿಟ್ಟು ಮತ್ತೆ ಕೂರಿಸಿದರು. ಉಳಿದೆರಡಕ್ಕೆ ಸಾರುವೆ ಕಟ್ಟಿ ಹೊರಗಿನಿಂದ ಸೀಲ್ ಮಾಡಿದರು. ಮಾಮಿಯ ಚಾವಣಿ, ನಮ್ಮ ಗೋಡೆಯ ಬಣ್ಣಕ್ಕೆ ತಗಲಿದ 11 ಸಾವಿರದಲ್ಲಿ ಅರ್ಧ ಕೊಟ್ಟರು. ಉಳಿದರ್ಧ ನಮ್ಮದೇ ಆಯಿತು. ಒಂದು ಕಿಟಕಿಯ ಹಳಿಗೆ ಜೋರು ಗಾಳಿಯಲ್ಲಿ ಈಗಲೂ ನೀರು ಬರುತ್ತದೆ, ಕಿಂಡಿಯಿಂದ ಹೊರಗೆ ಹೋಗುತ್ತದೆ. ಗೋಡೆ ಒಣಗಿದೆ. ಅತ್ತೆ ತಮ್ಮ ಕೋಣೆಗೆ ಮರಳಿದ್ದಾರೆ.

ಊರಿನ ಮನೆಗೂ ಇದೇ ಕಾನೂನು

ಸಹಾಯವಾಣಿಯಿಂದ ಆಗದಿದ್ದರೆ ಮುಂದಿನದು ಜಿಲ್ಲಾ ಗ್ರಾಹಕ ಆಯೋಗ. 2019ರ ಗ್ರಾಹಕ ರಕ್ಷಣಾ ಕಾಯ್ದೆಯ ಪ್ರಕಾರ ಕೆಟ್ಟದಾಗಿ ಕೂರಿಸಿದ ಕಿಟಕಿಯೂ ಸೇವಾ ಲೋಪವೇ. ನೀವು ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ. ವಕೀಲರು ಕಡ್ಡಾಯವಲ್ಲ. ಸಮಸ್ಯೆ ಉಂಟಾದ ಎರಡು ವರ್ಷದೊಳಗೆ ದೂರು ಕೊಡಬೇಕು. ಇ-ಜಾಗೃತಿ ಜಾಲತಾಣದಲ್ಲಿ ಮನೆಯಿಂದಲೇ ದಾಖಲಿಸಬಹುದು.

ಈ ಕಾಯ್ದೆಯ 34ನೇ ಸೆಕ್ಷನ್ ನಮಗೆಲ್ಲ ಗೊತ್ತಿರಬೇಕು. ದೂರುದಾರರು ವಾಸಿಸುವ ಅಥವಾ ದುಡಿಯುವ ಸ್ಥಳದ ಆಯೋಗದಲ್ಲೇ ದೂರು ಕೊಡಬಹುದು. ನಮ್ಮಲ್ಲಿ ಎಷ್ಟೋ ಜನ ಚೆನ್ನೈ, ಪುಣೆ, ಹೈದರಾಬಾದ್‌ಗಳಲ್ಲಿ ಬಾಡಿಗೆಗಿದ್ದು ತುಮಕೂರಿನಲ್ಲೋ ಮೈಸೂರಿನಲ್ಲೋ ಅಪ್ಪ-ಅಮ್ಮನಿಗಾಗಿ ಮನೆ ರಿಪೇರಿ ಮಾಡಿಸುತ್ತೇವೆ. ಕೆಲಸ ಕೆಟ್ಟರೆ ರಜೆ ಹಾಕಿ ಊರಿಗೆ ಅಲೆಯಬೇಕಲ್ಲ ಎಂದು ಸುಮ್ಮನಾಗುತ್ತೇವೆ. ದೂರು ಕೊಡಲು ಅಲೆಯಬೇಕಾಗಿಲ್ಲ. ಇನ್ನು ಕಿಟಕಿ ಬಿಲ್ಡರ್ ಹಾಕಿಕೊಟ್ಟದ್ದಾದರೆ ರೇರಾ ಕಾಯ್ದೆ ಇದೆ: ಮನೆ ಕೈಗೆ ಬಂದ 5 ವರ್ಷದೊಳಗೆ ಕೆಲಸದ ದೋಷ ತೋರಿಸಿದರೆ 30 ದಿನದಲ್ಲಿ ಅವರೇ ಖರ್ಚಿಲ್ಲದೆ ಸರಿಪಡಿಸಬೇಕು.

ಕಿಟಕಿ ಬದಲಿಸುವ ಯೋಚನೆ ಇದ್ದವರು ಬ್ರ್ಯಾಂಡ್, ಗಾಜಿನ ದಪ್ಪ ವಿಚಾರಿಸುವಷ್ಟೇ ಕಾಳಜಿಯಿಂದ ನಾಲ್ಕು ಮಾತನ್ನು ಕೊಟೇಶನ್‌ನಲ್ಲೇ ಬರೆಸಿಕೊಳ್ಳಿ: ಒಡೆದ ಅಂಚು, ಕಟ್ಟೆ ಸರಿಮಾಡುವವರು ಯಾರು, ಸಂದಿಗೆ ಏನು ತುಂಬುತ್ತಾರೆ, ಹೊರಗಿನ ಸೀಲ್‌ಗೆ ಸಾರುವೆ ಯಾರದು, ಕೊನೆಯ ಕಂತು ನೀರಿನ ಪರೀಕ್ಷೆಯ ನಂತರವೇ ಕೊಡುವುದೇ. ಚೆನ್ನೈಯವರು ಈ ಕೆಲಸವನ್ನು ಏಪ್ರಿಲ್, ಮೇನಲ್ಲಿ ಮುಗಿಸಿ. ಸೆಪ್ಟೆಂಬರ್‌ನಲ್ಲಿ ಎಲ್ಲರಿಗೂ ಅವಸರ, ಕೆಲಸಗಾರರಿಗಂತೂ ಇನ್ನೂ ಹೆಚ್ಚು. ಮುಂಬೈ, ಪುಣೆಯವರಿಗೆ ಜೂನ್ ಬೇಗ ಬರುತ್ತದೆ. ಅವರು ಮಾರ್ಚ್‌ನಲ್ಲೇ ಶುರು ಮಾಡುವುದು ಒಳ್ಳೆಯದು.