ದೂರು ಕೊಟ್ಟವರ ಕೈಯಲ್ಲಿ ರಸೀದಿ ಇರಲಿ



ನಾವು ಮನೆಯಲ್ಲಿ ದೂರು ಎನ್ನುವುದನ್ನು ಕಾಸರಗೋಡಿನ ಕಚೇರಿಗಳಲ್ಲಿ ಪರಾತಿ ಎನ್ನುತ್ತಾರೆ. ತಾಳವಾಡಿ, ಹೊಸೂರಿನಲ್ಲಿ ಅದು ಪುಕಾರು. ಅಕ್ಕಲಕೋಟೆ, ಜತ್ತದ ಕಡೆ ತಕ್ರಾರು. ಆದವಾನಿ, ರಾಯದುರ್ಗದಲ್ಲಿ ಫಿರ್ಯಾದು. ಹೆಸರು ಯಾವುದೇ ಇರಲಿ, ಪೊಲೀಸ್ ಠಾಣೆಯ ಮೆಟ್ಟಿಲು ಹತ್ತುವಾಗ ಹಳ್ಳಿಯವರ ಎದೆ ಎಲ್ಲ ಕಡೆಯೂ ಒಂದೇ ತೆರನಾಗಿ ಬಡಿದುಕೊಳ್ಳುತ್ತದೆ. ಗಡಿಯವರಾದ ನಮಗೆ ಇನ್ನೊಂದು ಅಳುಕೂ ಇದೆ. ಅಲ್ಲಿ ಬರೆಯುವ ಅಕ್ಷರ ನಮ್ಮದಲ್ಲ. ನಾವು ಹೇಳಿದ್ದೊಂದು, ರೈಟರ್ ಬರೆದದ್ದೊಂದು ಆದರೆ ಯಾರಿಗೆ ಹೇಳುವುದು? ಠಾಣೆಯವರೇ ತಪ್ಪು ಮಾಡಿದರೆ ಆ ದೂರನ್ನು ಕೇಳುವವರು ಯಾರು? ಇವತ್ತು ಈ ವಿಷಯವನ್ನು ನಿಮ್ಮ ಮುಂದೆ ಇಡುತ್ತೇನೆ.

ನಾನು ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು. ವಕೀಲನಲ್ಲ. ಆದರೆ ಬ್ಯಾಂಕು ಕಲಿಸಿದ ಒಂದು ಪಾಠ ಇಲ್ಲಿಗೂ ಸಲ್ಲುತ್ತದೆ. ಹಣ ಎಣಿಸಿದವನೇ ತನ್ನ ಲೆಕ್ಕವನ್ನು ತಾನೇ ತಪಾಸಣೆ ಮಾಡಬಾರದು. ಕ್ಯಾಷಿಯರ್ ಹಣ ತೆಗೆದುಕೊಳ್ಳುತ್ತಾನೆ, ಇನ್ನೊಬ್ಬ ಲೆಡ್ಜರಿಗೆ ಏರಿಸುತ್ತಾನೆ, ಮತ್ತೊಬ್ಬ ನೋಡಿ ಸಹಿ ಹಾಕುತ್ತಾನೆ, ಹೊರಗಿನಿಂದ ಆಡಿಟರ್ ಬರುತ್ತಾನೆ. ಹಣ ಕಟ್ಟಿದವರ ಕೈಯಲ್ಲಿ ಸೀಲು ಬಿದ್ದ ರಸೀದಿ ಇರುತ್ತದೆ. ಇದರಿಂದ ಪ್ರಾಮಾಣಿಕ ಕ್ಯಾಷಿಯರಿಗೂ ರಕ್ಷಣೆಯೇ. ನೂರು ರೂಪಾಯಿಗೆ ಇಷ್ಟು ಕಟ್ಟುನಿಟ್ಟು ಇರುವಾಗ, ಮನುಷ್ಯನನ್ನು ಹಿಡಿದು ಕೂರಿಸುವ ಅಧಿಕಾರಕ್ಕೆ ಲೆಕ್ಕ ಬೇಡವೇ?

ಲೆಕ್ಕವಿಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ಕೇರಳದ ರಾಜನ್ ಪ್ರಕರಣವನ್ನು ನೋಡಿ. ತುರ್ತುಪರಿಸ್ಥಿತಿಯ ಕಾಲ. 1976ರ ಮಾರ್ಚ್ 1ರಂದು ಕೋಯಿಕ್ಕೋಡಿನ ಪ್ರಾದೇಶಿಕ ಎಂಜಿನಿಯರಿಂಗ್ ಕಾಲೇಜಿನ ವಿದ್ಯಾರ್ಥಿ ರಾಜನ್ ಅವರನ್ನು ಪೊಲೀಸರು ಕರೆದುಕೊಂಡು ಹೋದರು. ತಂದೆ ಈಚರ ವಾರಿಯರ್ ಹಿಂದಿ ಅಧ್ಯಾಪಕರು. ಮಗನನ್ನು ಹಿಡಿದಿದ್ದಾರೆ ಎಂದು ಕಾಲೇಜಿನ ಪ್ರಾಂಶುಪಾಲರು ಅವರಿಗೆ ಪತ್ರ ಬರೆದು ತಿಳಿಸಿದ್ದರು. ತಂದೆ ಅಧಿಕಾರಿಗಳ ಬಾಗಿಲು, ಮಂತ್ರಿಗಳ ಬಾಗಿಲು ಅಲೆದರು. ತುರ್ತುಪರಿಸ್ಥಿತಿ ಮುಗಿದ ಮೇಲೆ, 1977ರ ಮಾರ್ಚ್‌ನಲ್ಲಿ, ಕೇರಳ ಹೈಕೋರ್ಟಿಗೆ ಹೇಬಿಯಸ್ ಕಾರ್ಪಸ್ ಅರ್ಜಿ ಹಾಕಿದರು. ಅಂದರೆ, ಹಿಡಿದವನನ್ನು ಕೋರ್ಟಿನ ಮುಂದೆ ತಂದು ನಿಲ್ಲಿಸಿ ಎಂಬ ಬೇಡಿಕೆ. ಸರಕಾರದ ಕಡೆಯವರು ಅಂಥವನನ್ನು ನಾವು ಹಿಡಿದೇ ಇಲ್ಲ ಎಂದರು. ಕೋರ್ಟು ಕಾಲೇಜಿನವರ ಮತ್ತು ಇತರರ ಸಾಕ್ಷ್ಯ ನೋಡಿ, ರಾಜನ್ ಪೊಲೀಸರ ವಶದಲ್ಲಿ ಇದ್ದದ್ದು ನಿಜ ಎಂದು ತೀರ್ಮಾನಿಸಿತು. ಆಗ ಕಕ್ಕಯಂ ಎಂಬಲ್ಲಿನ ಪೊಲೀಸ್ ಶಿಬಿರದಲ್ಲಿ ಆತ ಸತ್ತಿದ್ದ ಸಂಗತಿ ಹೊರಬಿತ್ತು. ತುರ್ತುಪರಿಸ್ಥಿತಿಯಲ್ಲಿ ಗೃಹಮಂತ್ರಿಯಾಗಿದ್ದು, ಆಗಷ್ಟೇ ಮುಖ್ಯಮಂತ್ರಿಯಾಗಿದ್ದ ಕೆ. ಕರುಣಾಕರನ್ 1977ರ ಏಪ್ರಿಲ್‌ನಲ್ಲಿ ರಾಜೀನಾಮೆ ಕೊಡಬೇಕಾಯಿತು. ಮಗನ ದೇಹ ಮಾತ್ರ ತಂದೆಗೆ ಸಿಗಲೇ ಇಲ್ಲ.

ಇನ್ನೊಂದು ಪತ್ರ ಒಡಿಶಾದ ತಾಯಿಯದು. 1987ರ ಡಿಸೆಂಬರಿನಲ್ಲಿ ನೀಲಾಬತಿ ಬೆಹೆರಾ ಎಂಬವರ 22 ವರ್ಷದ ಮಗನನ್ನು ಪೊಲೀಸರು ಕರೆದೊಯ್ದರು. ಮರುದಿನ ದೇಹ ರೈಲು ಹಳಿಯ ಮೇಲಿತ್ತು. ತಪ್ಪಿಸಿಕೊಂಡು ಓಡಿಹೋಗಿ ರೈಲಿಗೆ ಸಿಕ್ಕಿದ ಎಂದರು ಪೊಲೀಸರು. ತಾಯಿ 1988ರಲ್ಲಿ ಸುಪ್ರೀಂ ಕೋರ್ಟಿಗೆ ಒಂದು ಕಾಗದ ಬರೆದರು. ಕೋರ್ಟು ಆ ಕಾಗದವನ್ನೇ ಅರ್ಜಿಯೆಂದು ತೆಗೆದುಕೊಂಡಿತು. 1993ರಲ್ಲಿ ತೀರ್ಪು ಬಂತು. ವಶದಲ್ಲಿದ್ದವನ ಜೀವಕ್ಕೆ ಸರಕಾರವೇ ಹೊಣೆ ಎಂದು ಹೇಳಿ, ತಾಯಿಗೆ 1,50,000 ರೂಪಾಯಿ ಪರಿಹಾರ ಕೊಡಿಸಿತು.

ಮೂರನೆಯದು ಪಶ್ಚಿಮ ಬಂಗಾಳದ್ದು. ಅಲ್ಲಿನ ಕಾನೂನು ನೆರವು ಸಂಸ್ಥೆಯ ಡಿ. ಕೆ. ಬಸು ಅವರು 1986ರಲ್ಲಿ, ಠಾಣೆಗಳಲ್ಲಿ ಆಗುವ ಸಾವುಗಳ ಬಗ್ಗೆ ಪತ್ರಿಕೆಗಳಲ್ಲಿ ಬಂದ ಸುದ್ದಿಗಳನ್ನು ಜೋಡಿಸಿ ಸುಪ್ರೀಂ ಕೋರ್ಟಿಗೆ ಪತ್ರ ಬರೆದರು. ಹತ್ತು ವರ್ಷಗಳ ಮೇಲೆ, 1996ರ ಡಿಸೆಂಬರ್ 18ರಂದು, ಬಂಧನದ ವೇಳೆ ಪೊಲೀಸರು ಪಾಲಿಸಬೇಕಾದ 11 ಸೂಚನೆಗಳನ್ನು ಕೋರ್ಟು ಕೊಟ್ಟಿತು. ಅವುಗಳಲ್ಲಿ ಹೆಚ್ಚಿನವು ಈಗ ಕಾನೂನಿನ ಪುಸ್ತಕಕ್ಕೇ ಸೇರಿವೆ.

ಆ ಪುಸ್ತಕದ ಹೆಸರು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ ಜಾಗಕ್ಕೆ 2024ರ ಜುಲೈ 1ರಿಂದ ಇದು ಬಂದಿದೆ. ನಮ್ಮ ಹಳ್ಳಿಯವರಿಗೆ ಬೇಕಾದ ನಾಲ್ಕಾರು ಅಂಶಗಳನ್ನು ಹೇಳುತ್ತೇನೆ.

ಮೊದಲನೆಯದು ಬಂಧನದ ಮಾತು. ಹಿಡಿಯಲು ಬಂದ ಪೊಲೀಸರ ಎದೆಯ ಮೇಲೆ ಅವರ ಹೆಸರು ಸ್ಪಷ್ಟವಾಗಿ ಕಾಣಬೇಕು. ಬಂಧನದ ಮೆಮೊ ಬರೆಯಬೇಕು. ಅದಕ್ಕೆ ಮನೆಯವರೊಬ್ಬರು ಅಥವಾ ಊರಿನ ಗೌರವಸ್ಥರೊಬ್ಬರು ಸಾಕ್ಷಿ ಸಹಿ ಹಾಕಬೇಕು, ಹಿಡಿಸಿಕೊಂಡವನ ಸಹಿಯೂ ಬೇಕು. ಅವನು ಹೇಳಿದ ನೆಂಟರಿಗೋ ಗೆಳೆಯರಿಗೋ ಸುದ್ದಿ ಮುಟ್ಟಿಸಬೇಕು. ವೈದ್ಯರಿಂದ ಪರೀಕ್ಷೆ ಮಾಡಿಸಬೇಕು. ದಾರಿಯ ಹೊತ್ತು ಬಿಟ್ಟು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು. ವಿಶೇಷ ಕಾರಣವಿದ್ದು ಮ್ಯಾಜಿಸ್ಟ್ರೇಟರ ಮುಂಗಡ ಅನುಮತಿ ಪಡೆದ ಹೊರತು, ಸೂರ್ಯ ಮುಳುಗಿದ ಮೇಲೆ, ಹುಟ್ಟುವ ಮುಂಚೆ ಹೆಂಗಸರನ್ನು ಬಂಧಿಸುವಂತಿಲ್ಲ. ಹೆಂಗಸರನ್ನು, 60 ದಾಟಿದವರನ್ನು, 15 ವರ್ಷದೊಳಗಿನ ಹುಡುಗರನ್ನು ಸಾಕ್ಷಿ ಹೇಳಲೆಂದು ಠಾಣೆಗೆ ಬನ್ನಿ ಎಂದು ಒತ್ತಾಯಿಸುವಂತಿಲ್ಲ. ಅವರ ಮನೆಗೇ ಬಂದು ಕೇಳಬೇಕು.

ಎರಡನೆಯದು ದೂರಿನ ಮಾತು. ಬಾಯಲ್ಲಿ ಹೇಳಿದ ದೂರನ್ನು ಪೊಲೀಸರೇ ಬರೆದುಕೊಳ್ಳಬೇಕು. ಬರೆದದ್ದನ್ನು ಹೇಳಿದವರಿಗೆ ಓದಿ ತಿಳಿಸಿ ಆಮೇಲೆ ಸಹಿ ಪಡೆಯಬೇಕು. ಎಫ್.ಐ.ಆರ್. ಆದರೆ ಅದರ ಪ್ರತಿಯನ್ನು ಬಿಟ್ಟಿಯಾಗಿ ಕೊಡಬೇಕು. ಗಡಿಯವರು ಇದೊಂದನ್ನು ಗಟ್ಟಿಯಾಗಿ ನೆನಪಿಡಿ. ಪೊಲೀಸರೇ ನೇರ ಕೈಹಾಕಬಹುದಾದ ಅಪರಾಧವಾದರೆ, ನಮ್ಮ ಸರಹದ್ದಿನಲ್ಲಿ ನಡೆದದ್ದಲ್ಲ, ಆಚೆ ರಾಜ್ಯದ ಠಾಣೆಗೆ ಹೋಗಿ ಎಂದು ಸಾಗಹಾಕುವಂತಿಲ್ಲ. ಎಲ್ಲಿ ನಡೆದಿದ್ದರೂ ಬರೆದುಕೊಂಡು, ಆಮೇಲೆ ಆ ಠಾಣೆಗೆ ಅವರೇ ಕಳಿಸಬೇಕು. ಬರೆದುಕೊಳ್ಳಲು ಒಪ್ಪದಿದ್ದರೆ ಅದೇ ದೂರನ್ನು ಅಂಚೆಯಲ್ಲಿ ಜಿಲ್ಲೆಯ ಎಸ್.ಪಿ.ಯವರಿಗೆ ಕಳಿಸಿ. ಅಲ್ಲಿಯೂ ಆಗದಿದ್ದರೆ ಮ್ಯಾಜಿಸ್ಟ್ರೇಟರಿಗೆ ಅರ್ಜಿ ಕೊಡಬಹುದು. ಸ್ಪೀಡ್ ಪೋಸ್ಟ್ ಮಾಡಿದ ಚೀಟಿಯನ್ನು ಪಡಿತರ ಚೀಟಿಯಷ್ಟೇ ಜೋಪಾನವಾಗಿ ಇಟ್ಟುಕೊಳ್ಳಿ.

ಇಷ್ಟಾದರೂ ಎಸ್.ಪಿ.ಯವರೂ ಪೊಲೀಸರೇ ತಾನೆ, ತಮ್ಮವರ ಮೇಲೆ ತಾವೇ ವಿಚಾರಣೆ ಮಾಡುತ್ತಾರೆಯೇ ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಇದೇ ಪ್ರಶ್ನೆ ಸುಪ್ರೀಂ ಕೋರ್ಟಿನ ಮುಂದೆಯೂ ಬಂತು. ಉತ್ತರ ಪ್ರದೇಶದ ನಿವೃತ್ತ ಪೊಲೀಸ್ ಮಹಾನಿರ್ದೇಶಕ ಪ್ರಕಾಶ್ ಸಿಂಗ್ ಅವರೇ 1996ರಲ್ಲಿ ಅರ್ಜಿ ಹಾಕಿದ್ದರು. 2006ರ ಸೆಪ್ಟೆಂಬರ್ 22ರಂದು ತೀರ್ಪು ಬಂತು. ಪ್ರತಿ ರಾಜ್ಯದಲ್ಲಿ, ಪ್ರತಿ ಜಿಲ್ಲೆಯಲ್ಲಿ ಪೊಲೀಸರ ಮೇಲಿನ ದೂರುಗಳನ್ನು ಕೇಳಲು ಒಂದು ಪ್ರಾಧಿಕಾರ ಇರಬೇಕು ಎಂದಿತು ಕೋರ್ಟು. ಎಸ್.ಪಿ. ಮತ್ತು ಮೇಲಿನವರ ಮೇಲಿನ ದೂರು ರಾಜ್ಯ ಪ್ರಾಧಿಕಾರಕ್ಕೆ, ಡಿ.ವೈ.ಎಸ್.ಪಿ. ಮತ್ತು ಕೆಳಗಿನವರದು ಜಿಲ್ಲಾ ಪ್ರಾಧಿಕಾರಕ್ಕೆ. ರಾಜ್ಯದ್ದಕ್ಕೆ ಹೈಕೋರ್ಟ್ ಅಥವಾ ಸುಪ್ರೀಂ ಕೋರ್ಟಿನ ನಿವೃತ್ತ ನ್ಯಾಯಾಧೀಶರು, ಜಿಲ್ಲೆಯದಕ್ಕೆ ನಿವೃತ್ತ ಜಿಲ್ಲಾ ನ್ಯಾಯಾಧೀಶರು ಅಧ್ಯಕ್ಷರು. ಇದು ಹೊರಗಿನ ಆಡಿಟರ್ ಇದ್ದ ಹಾಗೆ.

ರಾಜ್ಯಗಳು ಇದನ್ನು ಹೇಗೆ ಮಾಡಿದವು ನೋಡೋಣ. ಕೇರಳದ 2011ರ ಪೊಲೀಸ್ ಕಾಯಿದೆಯಲ್ಲಿ ಜಿಲ್ಲಾ ಪ್ರಾಧಿಕಾರಕ್ಕೆ ನಿವೃತ್ತ ಜಿಲ್ಲಾ ನ್ಯಾಯಾಧೀಶರೇ ಅಧ್ಯಕ್ಷರು. ಆದರೆ ಜಿಲ್ಲಾಧಿಕಾರಿಗಳ ಜೊತೆಗೆ ಜಿಲ್ಲೆಯ ಪೊಲೀಸ್ ಮುಖ್ಯಸ್ಥರೂ ಅದರ ಸದಸ್ಯರು. ತಮಿಳುನಾಡು 2013ರಲ್ಲಿ ಮಾಡಿದ ಕಾನೂನು ರಾಜ್ಯ ಪ್ರಾಧಿಕಾರದ ಕುರ್ಚಿಯನ್ನು ಗೃಹ ಕಾರ್ಯದರ್ಶಿಗೆ, ಜಿಲ್ಲೆಯದನ್ನು ಕಲೆಕ್ಟರರಿಗೆ ಕೊಟ್ಟಿತು. ಮಹಾರಾಷ್ಟ್ರದ 2014ರ ತಿದ್ದುಪಡಿಯಲ್ಲಿ ಜಿಲ್ಲೆಗೊಂದರ ಬದಲು ಕಂದಾಯ ವಿಭಾಗಕ್ಕೊಂದು ಪ್ರಾಧಿಕಾರ. ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಮೂರೂ ಪುಣೆ ವಿಭಾಗಕ್ಕೆ ಸೇರಿದವು. ಜತ್ತದ ಕುರಿಗಾಹಿಯೊಬ್ಬ ದಿನಗೂಲಿ ಬಿಟ್ಟು ಪುಣೆಗೆ ಎಷ್ಟು ಸಲ ಓಡಾಡಬಲ್ಲ, ನೀವೇ ಲೆಕ್ಕ ಹಾಕಿ. ಪ್ರಾಧಿಕಾರದ ಶಿಫಾರಸನ್ನು ಇಲಾಖೆ ಪಾಲಿಸಲೇಬೇಕು ಎಂದು ಕೋರ್ಟು ಹೇಳಿದ್ದರೂ, ಹಲವು ರಾಜ್ಯಗಳ ಕಾನೂನಿನಲ್ಲಿ ಆ ಬಲ ಸಡಿಲವಾಗಿದೆ.

ಆದ್ದರಿಂದ ಪ್ರಾಧಿಕಾರ ಇದೆ ಎಂದ ಮಾತ್ರಕ್ಕೆ ಮುಗಿಯಲಿಲ್ಲ. ಕುರ್ಚಿಯಲ್ಲಿ ಯಾರು ಕೂತಿದ್ದಾರೆ, ಅದು ನಮ್ಮ ಬಸ್ಸಿನ ದಾರಿಯಲ್ಲಿದೆಯೇ, ಅದರ ಮಾತು ನಡೆಯುತ್ತದೆಯೇ, ಈ ಮೂರನ್ನು ಕೇಳಬೇಕು. ಓಟು ಕೇಳಲು ಬಂದವರನ್ನು ರಸ್ತೆ, ನೀರು ಕೇಳುವಂತೆಯೇ ಇದನ್ನೂ ಕೇಳಬೇಕು. ಹೊರಗಿನ ಆಡಿಟರ್ ಬ್ಯಾಂಕಿನ ಮ್ಯಾನೇಜರರ ಪಕ್ಕದಲ್ಲೇ ಕೂತು, ಅವರ ಮುಖ ನೋಡಿ ಲೆಕ್ಕ ಬರೆದರೆ ಅದು ಆಡಿಟ್ ಆಗುವುದಿಲ್ಲ.

ಪ್ರಾಧಿಕಾರ ದೂರವಾದರೆ ಮಾನವ ಹಕ್ಕುಗಳ ಆಯೋಗ ಇದೆ. ರಾಷ್ಟ್ರೀಯ ಆಯೋಗ 1993ರ ಅಕ್ಟೋಬರಿನಲ್ಲಿ ಆರಂಭವಾಯಿತು. ರಾಜ್ಯಗಳಿಗೂ ಆಯೋಗಗಳುಂಟು. ದೂರು ಕೊಡಲು ಶುಲ್ಕವಿಲ್ಲ. ಘಟನೆ ನಡೆದ ಒಂದು ವರ್ಷದೊಳಗೆ ಬರೆಯಬೇಕು. ಠಾಣೆಗಳಲ್ಲಿ ಕ್ಯಾಮರಾ ಇಡಬೇಕು, ದೃಶ್ಯಗಳನ್ನು 18 ತಿಂಗಳು ಕಾಪಾಡಬೇಕು ಎಂದು ಸುಪ್ರೀಂ ಕೋರ್ಟು 2020ರ ಡಿಸೆಂಬರಿನಲ್ಲಿ ಆಜ್ಞೆ ಮಾಡಿದೆ. ಹೀಗಾಗಿ ದೂರಿನಲ್ಲಿ ದಿನ, ಗಂಟೆ ಬರೆದು, ಆ ಹೊತ್ತಿನ ಕ್ಯಾಮರಾ ದೃಶ್ಯವನ್ನು ತೆಗೆದಿಡಬೇಕೆಂದು ಕೇಳಿಕೊಳ್ಳಿ. ತಡಮಾಡಬೇಡಿ. ವಕೀಲರಿಗೆ ಕೊಡಲು ಹಣವಿಲ್ಲವೆಂದು ಹಿಂಜರಿಯುವುದೂ ಬೇಡ. ಹೆಂಗಸರಿಗೆ, ಮಕ್ಕಳಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ, ಬಂಧನದಲ್ಲಿರುವವರಿಗೆ ಆದಾಯ ನೋಡದೆ ಉಚಿತ ಕಾನೂನು ನೆರವು ಸಿಗುತ್ತದೆ. ತಾಲೂಕು ಕೋರ್ಟಿನಲ್ಲಿ ಕಾನೂನು ಸೇವಾ ಸಮಿತಿ ಎಲ್ಲಿ ಎಂದು ಕೇಳಿದರೆ ತೋರಿಸುತ್ತಾರೆ.

ಇನ್ನು ನಮ್ಮ ಭಾಷೆಯ ಮಾತು. ಕನ್ನಡದಲ್ಲಿ ಬರೆದರೆ ಓದುವವರು ಯಾರು ಎಂಬ ಸಂಕೋಚ ಬೇಡ. ಸಂವಿಧಾನದ 350ನೆಯ ವಿಧಿ ಏನು ಹೇಳುತ್ತದೆಂದರೆ, ಕುಂದುಕೊರತೆಯ ನಿವಾರಣೆಗಾಗಿ ಯಾವುದೇ ಅಧಿಕಾರಿಗೆ ಒಕ್ಕೂಟದಲ್ಲಿ ಅಥವಾ ಆ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ಮನವಿ ಕೊಡಬಹುದು. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗದ ನಿಯಮದಲ್ಲಿ ಎಂಟನೆಯ ಅನುಸೂಚಿಯ ಎಲ್ಲ ಭಾಷೆಗಳೂ ಸಲ್ಲುತ್ತವೆ. ಆ ಪಟ್ಟಿಯಲ್ಲಿ ಕನ್ನಡ ಇದೆ.

ಹಿಡಿದವನಿಗೆ ಕಾರಣ ಹೇಳುವ ಭಾಷೆಯ ಬಗ್ಗೆಯೂ ಕೋರ್ಟು ಹೇಳಿದೆ. 1962ರಲ್ಲಿ ಮಹಾರಾಷ್ಟ್ರದ ಹರಿಕಿಸನ್ ಪ್ರಕರಣ ಸುಪ್ರೀಂ ಕೋರ್ಟಿಗೆ ಬಂದಿತ್ತು. ಮುಂಜಾಗ್ರತೆಯ ಬಂಧನ ಅದು. ಕಾರಣಗಳನ್ನು ಇಂಗ್ಲಿಷಿನಲ್ಲಿ ಬರೆದುಕೊಟ್ಟಿದ್ದರು, ಆತನಿಗೆ ಇಂಗ್ಲಿಷ್ ತಿಳಿಯದು. ಅರ್ಥವಾಗದ ಭಾಷೆಯಲ್ಲಿ ಕೊಟ್ಟದ್ದು ಕೊಟ್ಟ ಹಾಗಲ್ಲ ಎಂದು ಆ ಬಂಧನವನ್ನು ಕೋರ್ಟು ಒಪ್ಪಲಿಲ್ಲ. 2025ರ ನವೆಂಬರ್ 6ರಂದು, ಇದೂ ಮಹಾರಾಷ್ಟ್ರದ ಪ್ರಕರಣವೇ, ಸುಪ್ರೀಂ ಕೋರ್ಟು ಇನ್ನೂ ಮುಂದೆ ಹೋಯಿತು. ಯಾವ ಅಪರಾಧಕ್ಕೇ ಆಗಲಿ ಬಂಧಿಸಿದಾಗ, ಕಾರಣವನ್ನು ಅವನಿಗೆ ಅರ್ಥವಾಗುವ ಭಾಷೆಯಲ್ಲಿ ಬರೆದು ಕೊಡಬೇಕು. ತಕ್ಷಣ ಬರೆದುಕೊಡಲು ಆಗದಿದ್ದರೆ ಬಾಯಲ್ಲಿ ಹೇಳಿ, ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸುವ ಎರಡು ಗಂಟೆ ಮುಂಚೆಯಾದರೂ ಬರಹ ಕೈಗೆ ಸೇರಬೇಕು. ಕನ್ನಡ ಮಾತ್ರ ಬಲ್ಲ ನಮ್ಮ ಅಜ್ಜ ಅಜ್ಜಿಯರಿಗೆ, ತೋಟದ ಕೂಲಿಯವರಿಗೆ ಇದು ದೊಡ್ಡ ಆಸರೆ.

ಹಾಗೆಂದು ಎಲ್ಲ ಪೊಲೀಸರನ್ನೂ ಸಂಶಯದಿಂದ ನೋಡಬೇಕೆಂದು ನಾನು ಹೇಳುತ್ತಿಲ್ಲ. ಜಾತ್ರೆ, ಚುನಾವಣೆ, ಮಳೆ, ಬಿಸಿಲು ಎನ್ನದೆ ನಿಲ್ಲುವವರು ಅವರು. ಸುಳ್ಳು ದೂರು ಕೊಟ್ಟು ಒಳ್ಳೆಯ ಪೇದೆಯೊಬ್ಬನ ಹೊಟ್ಟೆಯ ಮೇಲೆ ಹೊಡೆಯುವುದೂ ಪಾಪವೇ. ಕಂಡದ್ದನ್ನು ಕಂಡ ಹಾಗೆ ಬರೆಯಬೇಕು, ಕೇಳಿದ್ದನ್ನು ಕೇಳಿದ್ದು ಎಂದೇ ಬರೆಯಬೇಕು.

ಕೊನೆಗೆ, ಮನೆಯ ಹುಡುಗರ ನೋಟ್‌ಬುಕ್ಕಿನಲ್ಲಿ ನಾಲ್ಕು ಸಾಲು ಬರೆಸಿಡಿ. ಒಂದು, ದೂರಿಗೆ ಎರಡು ಪ್ರತಿ, ಒಂದರ ಮೇಲೆ ಠಾಣೆಯ ಸೀಲು, ತಾರೀಖು. ಎರಡು, ಕನ್ನಡದಲ್ಲಿ ಬರೆದದ್ದರ ಜೊತೆಗೆ ಶಾಲೆಯ ಮೇಷ್ಟ್ರ ಕೈಲಿ ಆ ರಾಜ್ಯದ ಭಾಷೆಗೆ ಮಾಡಿಸಿದ ಪ್ರತಿಯನ್ನೂ ಇಡುವುದು, ಕೆಲಸ ಬೇಗ ಆಗುತ್ತದೆ. ಮೂರು, ತಿಳಿಯದ ಭಾಷೆಯ ಕಾಗದಕ್ಕೆ ಓದಿಸಿ ಕೇಳದೆ ಸಹಿಯನ್ನಾಗಲಿ ಹೆಬ್ಬೆಟ್ಟನ್ನಾಗಲಿ ಒತ್ತಬಾರದು. ನಾಲ್ಕು, ಯಾರನ್ನಾದರೂ ಕರೆದೊಯ್ದರೆ ಯಾವ ಠಾಣೆ, ಯಾರ ಹೆಸರು, ಎಷ್ಟು ಗಂಟೆ ಎಂದು ಆಗಲೇ ಗುರುತು ಹಾಕಿಕೊಳ್ಳುವುದು. ರಾಜನ್ ಅವರ ತಂದೆಯ ಕೈಯಲ್ಲಿ ಆ ದಿನದ ಗುರುತು ಇಲ್ಲದೆ ಹೋಗಿದ್ದರೆ, ಹಿಡಿದೇ ಇಲ್ಲ ಎಂಬ ಮಾತೇ ಕಡತದಲ್ಲಿ ಸತ್ಯವಾಗಿ ಉಳಿದುಬಿಡುತ್ತಿತ್ತು.