ಶಾಂತಿ ಸಭೆಯಲ್ಲಿ ಏಳದ ಪ್ರಶ್ನೆ

ಮಂಗಳೂರಿನಲ್ಲಿ ದೊಡ್ಡ ಕಟ್ಟಡ ಏಳುತ್ತಿರುವ ಯಾವ ಜಾಗಕ್ಕಾದರೂ ಸಂಜೆ ಹೊತ್ತು ಹೋಗಿ ನೋಡಿ. ತಗಡಿನ ಶೆಡ್ಡಿನ ಎದುರು ಜೋಳದ ರೊಟ್ಟಿ ಬಡಿಯುವ ಸದ್ದು ಕೇಳಿಸುತ್ತದೆ. ‘ಯಾವೂರ್ರೀ?’ ಅಂತ ವಿಚಾರಿಸಿದರೆ ಬರುವ ಉತ್ತರಗಳಲ್ಲಿ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಇದ್ದೇ ಇರುತ್ತವೆ. ನಮ್ಮ ಮನೆಗಳ ಪಾಯ ತೋಡಿದವರು, ಕಾಂಕ್ರೀಟ್ ಹೊತ್ತವರು ಅವರೇ. ಆದರೂ ಆ ತಾಲೂಕುಗಳ ಬಗ್ಗೆ ಕರಾವಳಿಯ ನಮಗೆ ಗೊತ್ತಿರುವುದು ಕಡಿಮೆ. ಅಲ್ಲಿನ ಮುಸ್ಲಿಮರ ಬಗ್ಗೆಯಂತೂ ಇನ್ನೂ ಕಡಿಮೆ. ಅವರ ಮನೆಮಾತು ದಖನಿ ಉರ್ದು ಇಲ್ಲವೇ ಅಪ್ಪಟ ಉತ್ತರ ಕರ್ನಾಟಕದ ಕನ್ನಡ. ನಾವು ಜಮಾಅತ್ ಅನ್ನುವ ಕಡೆ ಅವರು ಅಂಜುಮನ್ ಅನ್ನುತ್ತಾರೆ. ಆದರೆ ಅವರ ಎದುರು ಇವತ್ತು ಇರುವ ಪ್ರಶ್ನೆ ನಮ್ಮದೂ ಹೌದು.

ವಿಜಯಪುರ ಜಿಲ್ಲೆಯ ಹಳೆಯ ಐದು ತಾಲೂಕುಗಳಲ್ಲಿ ನಾಲ್ಕು ಇವೇ. ಈಗ ಅವುಗಳಿಂದ ಚಡಚಣ, ಆಲಮೇಲ, ದೇವರ ಹಿಪ್ಪರಗಿ, ತಾಳಿಕೋಟೆ, ನಿಡಗುಂದಿ, ಕೊಲ್ಹಾರ ಅಂತ ಹೊಸ ತಾಲೂಕುಗಳು ಒಡೆದಿವೆ. ಇಂಡಿ ಅಂದರೆ ನಿಂಬೆಹಣ್ಣು, ಅದಕ್ಕೆ ಜಿಐ ಮಾನ್ಯತೆಯೂ ಸಿಕ್ಕಿದೆ. ಆದರೆ ಇಂಡಿ, ಸಿಂದಗಿಯ ಹೊಳೆಸಾಲಿನ ಊರುಗಳಿಗೆ ‘ಭೀಮಾ ತೀರ’ ಅನ್ನುವ ಇನ್ನೊಂದು ಹೆಸರು ಅಂಟಿಕೊಂಡಿದೆ. ನಾಡಪಿಸ್ತೂಲು, ತಲೆಮಾರಿನಿಂದ ತಲೆಮಾರಿಗೆ ಇಳಿದು ಬರುವ ಹಗೆತನ, ಕೊಲೆಗೆ ಕೊಲೆ. 2012ರಲ್ಲಿ ‘ಭೀಮಾ ತೀರದಲ್ಲಿ’ ಅಂತ ಸಿನಿಮಾವೇ ಬಂತು. ಹೊಟ್ಟೆಪಾಡಿಗೆ ಗೋವಾ, ಪುಣೆ, ಮಂಗಳೂರು ಸುತ್ತುವ ಹತ್ತು ಸಾವಿರ ಹುಡುಗರ ಬಗ್ಗೆ ಯಾರೂ ಸಿನಿಮಾ ಮಾಡುವುದಿಲ್ಲ, ಪಿಸ್ತೂಲು ಹಿಡಿದ ಹತ್ತು ಮಂದಿಯ ಬಗ್ಗೆ ಮಾಡುತ್ತಾರೆ. ಅದು ಇರಲಿ.

ಇಂಥ ಕಡೆ ಯುವಕರನ್ನು ಸೇರಿಸಿ ಹಿಂಸೆ ತಡೆಯುವ ಕಾರ್ಯಕ್ರಮ ಅಂದರೆ ಸಾಮಾನ್ಯವಾಗಿ ನೆನಪಾಗುವುದು ಠಾಣೆಯ ಶಾಂತಿ ಸಭೆ. ಗಣೇಶ ಹಬ್ಬ, ಈದ್ ಮೀಲಾದ್ ಹತ್ತಿರ ಬಂದಾಗ ಇನ್‌ಸ್ಪೆಕ್ಟರ್ ಎರಡೂ ಕಡೆಯ ಹಿರಿಯರನ್ನು, ಯುವಕ ಮಂಡಳಿಯವರನ್ನು ಕರೆಸುತ್ತಾರೆ. ಚಹಾ, ಬಿಸ್ಕತ್ತು. ಡಿಜೆ ಎಷ್ಟು ಹೊತ್ತಿಗೆ ನಿಲ್ಲಿಸಬೇಕು, ಮೆರವಣಿಗೆ ಯಾವ ಓಣಿಯಿಂದ ಹೋಗಬೇಕು, ವಾಟ್ಸ್‌ಆ್ಯಪ್ ಗ್ರೂಪಿನ ಅಡ್ಮಿನ್ ಹೊಣೆ ಏನು, ಇಷ್ಟು ಮಾತು. ಇದನ್ನು ಹಗುರವಾಗಿ ನೋಡಬೇಕಿಲ್ಲ. ಪಕ್ಕದ ಬೆಳಗಾವಿಯಲ್ಲಿ 2023ರಲ್ಲಿ ಮೀಲಾದ್ ಮತ್ತು ಗಣೇಶ ವಿಸರ್ಜನೆ ಒಂದೇ ದಿನ ಬಿದ್ದಾಗ ಮುಸ್ಲಿಂ ಮುಖಂಡರೇ ಕೂತು ಮಾತಾಡಿ ಮೀಲಾದ್ ಮೆರವಣಿಗೆಯನ್ನು ಮುಂದಕ್ಕೆ ಹಾಕಿದರು. ಕಲ್ಲು ಬೀಳದ ದಿನ ಸುದ್ದಿಯಾಗುವುದಿಲ್ಲ. ಆದರೆ ಅಂಥ ದಿನವನ್ನು ಯಾರೋ ಕೂತು ಮಾಡಿರುತ್ತಾರೆ.

ಯಾರೂ ಕೂರದೇ ಹೋದರೆ ಏನಾಗುತ್ತದೆ ಎಂಬುದಕ್ಕೆ ಸಿಂದಗಿಯೇ ಉದಾಹರಣೆ. 2012ರ ಜನವರಿ 1ರ ಬೆಳಿಗ್ಗೆ ಅಲ್ಲಿನ ತಹಶೀಲ್ದಾರ್ ಕಚೇರಿ ಆವರಣದಲ್ಲಿ ಪಾಕಿಸ್ತಾನದ ಬಾವುಟ ಹಾರಾಡುತ್ತಿತ್ತು. ಪ್ರತಿಭಟನೆ ಶುರುವಾಯಿತು, ಬಸ್ಸುಗಳ ಮೇಲೆ ಕಲ್ಲು ಬಿತ್ತು. ಬೆರಳು ಯಾರ ಕಡೆ ಹೋಯಿತು ಅಂತ ಹೇಳಬೇಕಾಗಿಲ್ಲ. ಕೆಲವೇ ದಿನಗಳಲ್ಲಿ ಪೊಲೀಸರು ಬಂಧಿಸಿದ್ದು ಆರು ಮಂದಿಯನ್ನು, ಎಲ್ಲರೂ ಎಳೆಯ ವಯಸ್ಸಿನ ಹಿಂದೂ ಯುವಕರು. ಗಲಭೆ ಎಬ್ಬಿಸಲೆಂದೇ ಬಾವುಟ ಏರಿಸಿದರು ಎಂಬುದು ಅವರ ಮೇಲಿನ ಆರೋಪವಾಗಿತ್ತು. ಓದುವ ವಯಸ್ಸಿನ ಹುಡುಗರ ಕೈಗೆ ಬಾವುಟ ಕೊಡುವವರು ಬೇರೆ, ಜೈಲಿನ ಅನ್ನ ಉಣ್ಣುವವರು ಬೇರೆ. ಕರಾವಳಿಯವರಿಗೆ ಈ ಲೆಕ್ಕ ಬಿಡಿಸಿ ಹೇಳಬೇಕೇ?

ಸರ್ಕಾರಿ ಸಭೆಗಿಂತ ಹಳೆಯ ವೇದಿಕೆಯೂ ಅಲ್ಲಿದೆ, ಮೊಹರಂ. ನಮ್ಮ ಕಡೆ ಮೊಹರಂ ಅಂದರೆ ಆಶೂರಾದ ಉಪವಾಸ, ಅಷ್ಟೇ. ಅಲ್ಲಿ ಹಾಗಲ್ಲ. ಅಲಾಯಿ ಕುಣಿ ತೋಡುವುದು, ಡೋಲಿ ಹೊರುವುದು, ಹೆಜ್ಜೆ ಹಾಕುವುದು, ರಿವಾಯತ್ ಪದ ಹಾಡುವುದು ಎಲ್ಲದರಲ್ಲೂ ಲಿಂಗಾಯತ, ಕುರುಬ, ದಲಿತ ಹುಡುಗರು ಇರುತ್ತಾರೆ. ಮುಸ್ಲಿಂ ಮನೆಯೇ ಇಲ್ಲದ ಊರಿನಲ್ಲೂ ಪೀರಲ ದೇವರು ಕೂರುತ್ತದೆ. ಇದು ಶರೀಅತ್ತಿಗೆ ಸರಿಯೇ ಅಂತ ನಮ್ಮ ಉಸ್ತಾದರು ಹುಬ್ಬೇರಿಸುತ್ತಾರೆ, ಆ ಚರ್ಚೆ ಇಲ್ಲಿ ಬೇಡ. ತಿಂಗಳುಗಟ್ಟಲೆ ಹೆಜ್ಜೆ ಕಲಿತು ಒಟ್ಟಿಗೆ ಕುಣಿದ ಹುಡುಗರು ಒಬ್ಬರ ಅಂಗಡಿಗೆ ಇನ್ನೊಬ್ಬರು ಬೆಂಕಿ ಇಡುವ ಮೊದಲು ಎರಡು ಸಲ ಯೋಚಿಸುತ್ತಾರೆ, ಇಷ್ಟಂತೂ ನಿಜ.

ಆದರೆ ಒಟ್ಟಿಗೆ ಕುಣಿಯುವುದು ಬೇರೆ, ಒಂದೇ ಮನೆಯಲ್ಲಿ ಬಾಳುವುದು ಬೇರೆ. ಆ ಗೆರೆ ದಾಟಿದಾಗ ಈ ಸೀಮೆಯಲ್ಲಿ ಏನೇನಾಗಿದೆ ನೋಡಿ.

2017ರ ಜೂನ್. ಆಗ ಮುದ್ದೇಬಿಹಾಳ ತಾಲೂಕಿನಲ್ಲಿದ್ದ ಗುಂಡಕನಾಳ. ಮುಸ್ಲಿಂ ಮನೆಯ ಹುಡುಗಿ, ದಲಿತ ಹುಡುಗ. ಮನೆಯವರ ವಿರೋಧ ಕಟ್ಟಿಕೊಂಡು ಗೋವಾಕ್ಕೆ ಹೋಗಿ ಮದುವೆಯಾಗಿ ಬದುಕು ಹೂಡಿದ್ದರು. ಹುಡುಗಿಗೆ ದಿನ ತುಂಬುತ್ತಾ ಬಂದಿತ್ತು. ಬಸುರಿಯನ್ನು ಕಂಡಾದರೂ ತವರು ಕರಗೀತು ಎಂಬ ಆಸೆಯಿಂದ ಊರಿಗೆ ಬಂದರು. ಅವತ್ತೇ ಹೊಡೆತ ಬಿತ್ತು. ಗಂಡ ತಪ್ಪಿಸಿಕೊಂಡು ತಾಳಿಕೋಟೆ ಠಾಣೆಗೆ ಓಡಿದ. ಪೊಲೀಸರನ್ನು ಕರೆದುಕೊಂಡು ಬರುವಷ್ಟರಲ್ಲಿ ಅವಳಿಗೆ ಬೆಂಕಿ ಹಚ್ಚಿದ್ದರು. ಬಂಧನಕ್ಕೆ ಒಳಗಾದವರು ಅವಳ ತಾಯಿ, ಒಡಹುಟ್ಟಿದವರು.

2021ರ ಜೂನ್. ದೇವರ ಹಿಪ್ಪರಗಿ ತಾಲೂಕಿನ ಸಲಾದಹಳ್ಳಿ. ಇಪ್ಪತ್ತು ತುಂಬದ ಇಬ್ಬರು, ದಲಿತ ಹುಡುಗ, ಮುಸ್ಲಿಂ ಹುಡುಗಿ. ಊರಾಚೆ ಇಬ್ಬರೂ ಸಿಕ್ಕಿಬಿದ್ದರು. ಕಲ್ಲಿನಿಂದ ಜಜ್ಜಿ ಇಬ್ಬರನ್ನೂ ಕೊಂದರು. ಆರೋಪ ಹುಡುಗಿಯ ತಂದೆ ಮತ್ತು ನೆಂಟರ ಮೇಲೆ.

ಅದೇ ವರ್ಷದ ಅಕ್ಟೋಬರ್. ಆಲಮೇಲ ತಾಲೂಕಿನ ಬಳಗಾನೂರು. ಮುಸ್ಲಿಂ ಯುವತಿಯನ್ನು ಪ್ರೀತಿಸಿದ್ದ ಹಿಂದೂ ಯುವಕನ ಹೆಣ ಬಾವಿಯಲ್ಲಿ ಸಿಕ್ಕಿತು. ಸಿಕ್ಕಿಬಿದ್ದವರು ಹುಡುಗಿಯ ಅಣ್ಣ, ಚಿಕ್ಕಪ್ಪನ ಸಾಲಿನವರು.

ಇನ್ನೊಂದು ಕಡೆಯ ಚಿತ್ರವೂ ಇದೆ. ಬಳಗಾನೂರಿಗಿಂತ ಕೆಲವೇ ವಾರಗಳ ಮುಂಚೆ, 2021ರ ಸೆಪ್ಟೆಂಬರ್ ಕೊನೆಗೆ, ಬೆಳಗಾವಿಯ ಮುಸ್ಲಿಂ ಯುವಕನ ಶವ ಖಾನಾಪುರದ ರೈಲು ಹಳಿಯಲ್ಲಿ ಬಿದ್ದಿತ್ತು. ಪ್ರೀತಿಸಿದ್ದು ಹಿಂದೂ ಹುಡುಗಿಯನ್ನು. ಹುಡುಗಿಯ ಹೆತ್ತವರೇ ಹಣ ಕೊಟ್ಟು ಕೊಲ್ಲಿಸಿದರು ಎಂಬುದು ಪೊಲೀಸರ ಆರೋಪ. ಖಾನಾಪುರದ ಸುದ್ದಿ ಸಮುದಾಯದ ಮೊಬೈಲ್‌ಗಳಲ್ಲಿ ವಾರಗಟ್ಟಲೆ ಓಡಾಡಿತು. ಓಡಾಡಬೇಕಾದ್ದೇ. ಆದರೆ ಬಳಗಾನೂರಿನ ಹೆಸರು ಕೇಳಿದವರು ನಮ್ಮಲ್ಲಿ ಎಷ್ಟು ಮಂದಿ? ನಮ್ಮ ಹುಡುಗ ಸತ್ತರೆ ದ್ವೇಷದ ಕೊಲೆ, ನಮ್ಮವರೇ ಕೊಂದರೆ ‘ಮನೆಯ ವಿಷಯ’ ಅಂದರೆ ಅದು ನ್ಯಾಯದ ತಕ್ಕಡಿಯಲ್ಲ ಮಾರಾಯ್ರೆ.

ಶಾಂತಿ ಸಭೆಯಲ್ಲಿ ಏಳದ ಪ್ರಶ್ನೆ ಇದೇ. ಅಲ್ಲಿ ಮಾತೆಲ್ಲ ಬೀದಿಯದು. ಮೆರವಣಿಗೆಯ ದಾರಿ, ಬಾವುಟ, ಬ್ಯಾನರ್. ನಾವು ಮೇಲೆ ಹೇಳಿದ ರಕ್ತ ಚೆಲ್ಲಿದ್ದು ಅಂಗಳದಲ್ಲಿ, ಹೊಲದ ಬದುವಿನಲ್ಲಿ. ಕೈ ಎತ್ತಿದವರಲ್ಲಿ ಅಪ್ಪ ಇದ್ದಾನೆ, ಅವ್ವ ಇದ್ದಾಳೆ, ಅಣ್ಣನೂ ಇದ್ದಾನೆ. ಯುವಕರನ್ನು ಹಿಂಸೆಯಿಂದ ದೂರ ಇಡುವುದು ಎಂದರೆ ಈ ಅಣ್ಣಂದಿರ ಜೊತೆ ಮಾತಾಡುವುದು. ಮರ್ಯಾದಿ ಹೋತು, ಇನ್ನ ಮುಖ ಹೆಂಗ ತೋರಿಸೋದು ಅನ್ನುವ ಮಾತು ಊರಿನಲ್ಲಿ ಹುಟ್ಟಿ ಮೊದಲು ಚುಚ್ಚುವುದು ಅವನ ಕಿವಿಯನ್ನೇ. ಚಹಾದಂಗಡಿಯಲ್ಲಿ ಗೆಳೆಯರು ನಕ್ಕರೆ ಸಾಕು.

ಇದನ್ನು ಮಸೀದಿಯ ಕಡೆಯಿಂದ ಮಾತಾಡಬೇಕು ಅಂದರೆ ಕೆಲವರು ಅಳುಕುತ್ತಾರೆ. ಬೇರೆ ಧರ್ಮದವರ ಜೊತೆಗಿನ ಮದುವೆಯನ್ನು ಒಪ್ಪಿದಂತಾಗುತ್ತದಲ್ಲ ಎಂಬ ಹಿಂಜರಿಕೆ. ಎರಡನ್ನೂ ಬೇರೆ ಬೇರೆ ಇಟ್ಟು ನೋಡಬಹುದು. ಇಂಥ ನಿಕಾಹ್ ದೀನ್‌ನಲ್ಲಿ ಸಿಂಧುವೇ ಎಂಬುದಕ್ಕೆ ಉಲಮಾಗಳ ಉತ್ತರ ಎಲ್ಲರಿಗೂ ಗೊತ್ತು, ಅದನ್ನು ಬದಲಿಸಿ ಅಂತ ಯಾರೂ ಕೇಳುತ್ತಿಲ್ಲ. ಆದರೆ ಮಗಳ ಜೀವ ತೆಗೆಯುವ ಹಕ್ಕನ್ನು ಅಪ್ಪನಿಗೋ ಅಣ್ಣನಿಗೋ ಯಾವ ಮದ್‌ಹಬ್ ಕೊಟ್ಟಿದೆ? ಅನ್ಯಾಯವಾಗಿ ಒಂದು ಜೀವ ತೆಗೆದವನು ಇಡೀ ಮನುಕುಲವನ್ನೇ ಕೊಂದ ಹಾಗೆ ಎಂಬುದು ಕುರ್‌ಆನಿನ ಪಾಠ. ಜೀವಂತ ಹೂಳಲ್ಪಟ್ಟ ಹೆಣ್ಣುಮಗುವಿನ ಪರವಾಗಿ ಅಂತ್ಯದಿನದಲ್ಲಿ ವಿಚಾರಣೆ ನಡೆಯುತ್ತದೆ ಎಂದೂ ಅದು ಎಚ್ಚರಿಸುತ್ತದೆ. ಖನ್ಸಾ ಬಿಂತ್ ಖಿದಾಮ್ ಎಂಬ ಸಹಾಬಿಯಾ ತಂದೆ ತನ್ನನ್ನು ಒಪ್ಪಿಗೆ ಇಲ್ಲದೆ ಮದುವೆ ಮಾಡಿಕೊಟ್ಟರೆಂದು ದೂರು ಹೇಳಿದಾಗ ಪ್ರವಾದಿಯವರು ಆ ನಿಕಾಹನ್ನೇ ರದ್ದು ಮಾಡಿದರು ಎಂಬುದು ಸಹೀಹ್ ಬುಖಾರಿಯಲ್ಲಿದೆ. ಮದ್ರಸದ ಎಷ್ಟು ಮಕ್ಕಳಿಗೆ ಖನ್ಸಾರ ಕಥೆ ಹೇಳಿದ್ದೇವೆ? ಪಾಕಿಸ್ತಾನದಲ್ಲಿ ಕೊಂದವರನ್ನು ಮನೆಯವರೇ ಕ್ಷಮಿಸಿ ಬಿಡಿಸಿಕೊಳ್ಳುವ ದಾರಿ ಇತ್ತು. 2016ರಲ್ಲಿ ಕಂದೀಲ್ ಬಲೂಚ್ ಎಂಬ ಯುವತಿಯನ್ನು ಸಹೋದರನೇ ಕೊಂದ ಮೇಲೆ ಆ ವರ್ಷದ ಅಕ್ಟೋಬರ್‌ನಲ್ಲಿ ಅಲ್ಲಿನ ಸಂಸತ್ತು ಕಾನೂನು ಬಿಗಿ ಮಾಡಿತು. ಮನೆಯವರು ಕ್ಷಮಿಸಿದರೂ ಜೀವಾವಧಿ ತಪ್ಪುವುದಿಲ್ಲ ಎಂದಿತು.

ಬಸವನ ಬಾಗೇವಾಡಿಗೆ ಈ ವಿಷಯದಲ್ಲಿ ತನ್ನದೇ ಆದ ನೆನಪಿದೆ. ಅದು ಬಸವಣ್ಣ ಹುಟ್ಟಿದ ಊರು. 12ನೇ ಶತಮಾನದ ಕಲ್ಯಾಣದಲ್ಲಿ ಬ್ರಾಹ್ಮಣ ಮೂಲದ ಮಧುವರಸನ ಮಗಳಿಗೂ ಸಮಗಾರ ಹರಳಯ್ಯನ ಮಗನಿಗೂ ಮದುವೆಯಾಯಿತು. ಶರಣರ ಕಥನ ಹೇಳುವಂತೆ, ಅದನ್ನು ಸಹಿಸದ ಅರಸೊತ್ತಿಗೆ ಇಬ್ಬರು ಬೀಗರನ್ನೂ ಎಳೆಹೂಟೆ ಶಿಕ್ಷೆಗೆ ಗುರಿ ಮಾಡಿತು. ಅವತ್ತು ಮಕ್ಕಳ ಮದುವೆಗೆ ಒಪ್ಪಿದ್ದಕ್ಕೆ ಅಪ್ಪಂದಿರು ಸತ್ತರು. ಅದೇ ಜಿಲ್ಲೆಯಲ್ಲಿ ಇವತ್ತು ಒಪ್ಪದ ಅಪ್ಪಂದಿರು ಮಕ್ಕಳನ್ನು ಕೊಲ್ಲುತ್ತಿದ್ದಾರೆ. ಬಸವ ಜಯಂತಿಯ ವೇದಿಕೆಗೆ ಮುಸ್ಲಿಂ ಮುಖಂಡರನ್ನು ಕರೆದು ಶಾಲು ಹೊದಿಸುವುದು ಇದ್ದೇ ಇದೆ. ಮಧುವರಸ, ಹರಳಯ್ಯನ ಕಥೆಯನ್ನು ಎರಡೂ ಕಡೆಯ ಹುಡುಗರ ಎದುರಿಗಿಟ್ಟು ಮಾತಿಗೆ ಕೂರಿಸಿದರೆ ಶಾಲಿಗಿಂತ ಹೆಚ್ಚು ಕೆಲಸವಾದೀತು.

ಇಂಥ ಕೆಲಸ ಹೊಸತೇನಲ್ಲ. ಕರ್ನಾಟಕ ಹೆಲ್ತ್ ಪ್ರಮೋಷನ್ ಟ್ರಸ್ಟ್ 2014ರಿಂದ 2017ರವರೆಗೆ ವಿಜಯಪುರ, ಬಾಗಲಕೋಟೆ ಜಿಲ್ಲೆಗಳಲ್ಲಿ ‘ಸಮತಾ’ ಎಂಬ ಕಾರ್ಯಕ್ರಮ ನಡೆಸಿತು. ಪರಿಶಿಷ್ಟ ಜಾತಿ, ಪಂಗಡದ ಹುಡುಗಿಯರು ಹೈಸ್ಕೂಲು ಬಿಡಬಾರದು, ಹದಿನೆಂಟರೊಳಗೆ ಮದುವೆಯಾಗಬಾರದು ಎಂಬುದು ಗುರಿ. ಹುಡುಗಿಯರ ಜೊತೆ ಮಾತ್ರವಲ್ಲ, ಹೆತ್ತವರು, ಶಾಲೆ, ಗಂಡುಹುಡುಗರ ಗುಂಪುಗಳ ಜೊತೆಗೂ ಕೂತರು. 80 ಹಳ್ಳಿ ಆರಿಸಿ ಅರ್ಧದಲ್ಲಿ ಕಾರ್ಯಕ್ರಮ ನಡೆಸಿ, ಇನ್ನರ್ಧದ ಜೊತೆ ಹೋಲಿಸಿದರು. ಕೊನೆಗೆ ಎರಡರ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಆ ವರ್ಷಗಳಲ್ಲಿ ಶಾಲೆಗೆ ಹೋಗುವ ಹುಡುಗಿಯರು ಎಲ್ಲ ಕಡೆಯೂ ಹೆಚ್ಚಾಗಿದ್ದರು. ಫಲಿತಾಂಶವನ್ನು ಮುಚ್ಚಿಡದೆ ಪ್ರಕಟಿಸಿದ್ದು ದೊಡ್ಡ ಮಾತು. ನಮ್ಮ ಸಂಘಟನೆಗಳ ‘ಕಾರ್ಯಕ್ರಮ ಯಶಸ್ವಿ’ ಎಂಬ ಪತ್ರಿಕಾ ಪ್ರಕಟಣೆಗಳನ್ನು ಓದಿ ಓದಿ ಸಾಕಾದವರಿಗೆ ಇದರ ಬೆಲೆ ಗೊತ್ತಾದೀತು. ಮೂರು ವರ್ಷ ಹಳ್ಳಿಯಲ್ಲೇ ಕೂತವರಿಗೇ ಇಷ್ಟು ಕಷ್ಟವಾದರೆ, ಒಂದು ಭಾನುವಾರದ ಸಮಾವೇಶ, ಒಬ್ಬ ಮುಖ್ಯ ಅತಿಥಿ, ಕೊನೆಗೆ ಬಿರಿಯಾನಿ, ಇದರಿಂದ ಅಣ್ಣನ ಮನಸ್ಸು ಬದಲಾಗುತ್ತದೆ ಎಂದು ನಂಬುವುದು ಹೇಗೆ?

ಹಾಗಾಗಿ ಸಣ್ಣದಾಗಿ, ಪದೇಪದೇ ಸೇರುವುದೇ ಮೇಲು. ಅಂಜುಮನ್ ಹಾಲಿನಲ್ಲಿ ಇಪ್ಪತ್ತು ಹುಡುಗರು ಸಾಕು. ‘ನಾಳೆ ನಿನ್ನ ತಂಗಿ ಬಂದು ಹೀಗೆ ಹೇಳಿದರೆ ಮೊದಲ ಒಂದು ಗಂಟೆ ಏನು ಮಾಡ್ತೀ?’ ಎಂಬ ಒಂದೇ ಪ್ರಶ್ನೆ ಇಟ್ಟುಕೊಂಡು ಕೂರಲಿ. ಬೈಯಲಿ, ಅಳಲಿ, ಮಾತು ಬಿಡಲಿ, ಆದರೆ ಕೈ ಎತ್ತಬಾರದು ಎಂಬಷ್ಟಕ್ಕೆ ಎಲ್ಲರೂ ಬರಲಿ. ಹುಡುಗಿಯರ ಸಭೆ ಬೇರೆಯೇ ಆಗಬೇಕು, ಮಾತಾಡಿಸಲು ಹೆಣ್ಣುಮಕ್ಕಳೇ ಇರಬೇಕು. ಅಪಾಯ ಬಂದಾಗ ಬಾಗಿಲು ತಟ್ಟಬಹುದಾದ ಒಂದು ಮನೆ ಊರಿನಲ್ಲಿ ಯಾವುದು ಎಂದು ಅವರಿಗೆ ಗೊತ್ತಿರಬೇಕು. ಗುಂಡಕನಾಳದಲ್ಲಿ ಬಸುರಿ ಹೆಣ್ಣಿಗೆ ಅವತ್ತು ಅಂಥ ಒಂದು ಬಾಗಿಲು ತೆರೆದಿದ್ದರೆ, ಗಂಡ ಠಾಣೆಯಿಂದ ಬರುವ ತನಕ ಜೀವ ಉಳಿಯುತ್ತಿತ್ತೇನೋ.

ಕಾನೂನು ಇದೆ. 2018ರ ಮಾರ್ಚ್ 27ರಂದು ‘ಶಕ್ತಿ ವಾಹಿನಿ’ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿದೆ: ಪ್ರಾಯಕ್ಕೆ ಬಂದ ಇಬ್ಬರು ಒಪ್ಪಿ ಮದುವೆಯಾದರೆ ತಡೆಯುವ ಹಕ್ಕು ಮನೆಯವರಿಗಾಗಲಿ ಪಂಚಾಯ್ತಿಗಾಗಲಿ ಇಲ್ಲ. ಬೆದರಿಕೆ ಇರುವ ಜೋಡಿಗೆ ರಕ್ಷಣೆ, ಸುರಕ್ಷಿತ ವಸತಿ, ಪ್ರತಿ ಜಿಲ್ಲೆಯಲ್ಲಿ ವಿಶೇಷ ಘಟಕ, 24 ತಾಸಿನ ಸಹಾಯವಾಣಿ ಇರಬೇಕು ಎಂದೂ ನಿರ್ದೇಶನ ಕೊಟ್ಟಿದೆ. ಮುಂದಿನ ಶಾಂತಿ ಸಭೆಗೆ ಹೋಗುವ ನಮ್ಮ ಮುಖಂಡರು ಡಿಜೆ ಮಾತು ಮುಗಿದ ಮೇಲೆ ಎದ್ದು ನಿಂತು, ‘ಸಾಹೇಬರೇ, ನಮ್ಮ ಜಿಲ್ಲೆಯಲ್ಲಿ ಆ ವಸತಿ ಎಲ್ಲಿದೆ? ಹೊಣೆ ಯಾವ ಅಧಿಕಾರಿಯದು?’ ಎಂದು ಕೇಳಬಹುದು. ವಿಜಯಪುರದಲ್ಲಿ ಕೇಳಲಿ, ಮಂಗಳೂರಿನಲ್ಲೂ ಕೇಳಲಿ. ಜೊತೆಯಲ್ಲಿ ಬಸ್ಸಿನಲ್ಲಿ ಕೂತರು, ಜ್ಯೂಸ್ ಕುಡಿದರು ಎಂಬ ಕಾರಣಕ್ಕೆ ಹುಡುಗ ಹುಡುಗಿಯರನ್ನು ತಡೆದು ಹೊಡೆಯುವ ಚಾಳಿ ಕರಾವಳಿಯಲ್ಲಿ ಒಂದೇ ಕಡೆಯವರಿಗೆ ಅಂಟಿದ್ದಲ್ಲ. ಕೋಮು ಹಿಂಸೆ ತಡೆಯಲು 2025ರ ಜೂನ್‌ನಲ್ಲಿ ದಕ್ಷಿಣ ಕನ್ನಡ, ಉಡುಪಿ, ಶಿವಮೊಗ್ಗಕ್ಕೆ ವಿಶೇಷ ಕಾರ್ಯಪಡೆ ಬಂದಿದೆ. ಅದು ಕಾಯುವುದು ಬೀದಿಯನ್ನು, ಮನೆಯ ಒಳಗಲ್ಲ.

ಶಾದಿ ಮಹಲ್, ಮದ್ರಸ, ಅಂಜುಮನ್ ಹಾಲಿನ ಗೋಡೆಗಳಲ್ಲಿ ದಾನಿಗಳ ಹೆಸರಿನ ಕಲ್ಲು ಇರುತ್ತದೆ. ಅದರ ಪಕ್ಕದಲ್ಲೇ ದೊಡ್ಡ ಅಕ್ಷರದಲ್ಲಿ ನಾಲ್ಕು ನಂಬರು ಬರೆಸಲು ಬಣ್ಣದ ಖರ್ಚಷ್ಟೇ: ತುರ್ತು ಪೊಲೀಸ್ ನೆರವಿಗೆ 112, ಮಹಿಳೆಯರಿಗೆ 181, ಮಕ್ಕಳಿಗೆ 1098, ಉಚಿತ ಕಾನೂನು ನೆರವಿಗೆ 15100. ಕನ್ನಡದಲ್ಲೂ ಉರ್ದುವಿನಲ್ಲೂ ಇರಲಿ, ಹೆಣ್ಣುಮಕ್ಕಳು ಕೂರುವ ಕಡೆಗೂ ಒಂದು ಇರಲಿ.