ಕಾರಿನ ಹಿಂದಿನ ಚಕ್ರದ ಬೇರಿಂಗ್ ಅನ್ನು ಮನೆಯಲ್ಲೇ ಸುತ್ತಿಗೆಯಿಂದ ಬಡಿದು ಬದಲಿಸಬಹುದೇ? ಇಲ್ಲಿದೆ ವಾಸ್ತವ

“ಕಾರಿನ ಹಿಂದಿನಿಂದ ಗುಂಯ್ ಅಂತ ಸದ್ದು ಬರುತ್ತಿದೆಯೇ? ಗ್ಯಾರೇಜ್‌ಗೆ ದುಡ್ಡು ಸುರಿಯಬೇಡಿ. ಒಂದು ಜಾಕ್, ಒಂದು ಸುತ್ತಿಗೆ ಸಾಕು, ಅರ್ಧ ಗಂಟೆಯ ಕೆಲಸ.” ಹೀಗೆ ಹೇಳುವ ಸಣ್ಣ ವಿಡಿಯೋಗಳು ವಾಟ್ಸಾಪ್ ಗುಂಪುಗಳಲ್ಲಿ ಆಗಾಗ ಬರುತ್ತಿರುತ್ತವೆ. ನೋಡಲು ಸುಲಭವಾಗಿಯೇ ಕಾಣುತ್ತದೆ. ಆದರೆ ಆ ಕಾರಿನ ಹಿಂದಿನ ಸೀಟಿನಲ್ಲಿ ಮಕ್ಕಳನ್ನು ಕೂರಿಸಿಕೊಂಡು ಹೆದ್ದಾರಿಗೆ ಇಳಿಯುವವರು ನಾವೇ. ಹಾಗಾಗಿ ಇಂತಹ ಸಲಹೆಗಳಲ್ಲಿ ಯಾವುದು ನಿಜ, ಯಾವುದು ಅರ್ಧ ನಿಜ, ಯಾವುದು ಅಪಾಯ ಎಂದು ಬಿಡಿಸಿ ನೋಡೋಣ.

ಬೇರಿಂಗ್ ಎಂದರೇನು?

ಕಾರಿನ ಭಾರವನ್ನು ಹೊತ್ತುಕೊಂಡೇ ಚಕ್ರ ಸಲೀಸಾಗಿ ತಿರುಗಬೇಕು. ಅದಕ್ಕಾಗಿ ಚಕ್ರದ ಮಧ್ಯದಲ್ಲಿ ಎರಡು ಉಕ್ಕಿನ ಬಳೆಗಳು, ಅವುಗಳ ನಡುವೆ ಗುಂಡುಗಳು ಅಥವಾ ರೋಲರ್‌ಗಳು, ಒಳಗೆ ಗ್ರೀಸ್, ಎರಡೂ ಬದಿಗೆ ರಬ್ಬರ್ ಸೀಲ್ ಇರುತ್ತವೆ. ಸೀಲ್ ಸವೆದು ಒಳಗೆ ನೀರು, ಮಣ್ಣು ಸೇರಿದರೆ ಗ್ರೀಸ್ ಹಾಳಾಗುತ್ತದೆ. ಗುಂಡುಗಳು ಓಡುವ ದಾರಿಯಲ್ಲಿ ಉಕ್ಕು ಚಕ್ಕೆ ಚಕ್ಕೆಯಾಗಿ ಏಳುತ್ತದೆ. ನಮಗೆ ಕೇಳುವ ಗುಂಯ್ ಸದ್ದು ಅದೇ. ಮಳೆಗಾಲದಲ್ಲಿ ನೀರು ನಿಂತ ರಸ್ತೆಗಳಲ್ಲಿ, ಗುಂಡಿಗಳಲ್ಲಿ ಓಡುವ ಕಾರುಗಳಿಗೆ ಈ ತೊಂದರೆ ಬೇಗ ಬರುವುದರಲ್ಲಿ ಆಶ್ಚರ್ಯವಿಲ್ಲ.

ಸದ್ದು ಬೇರಿಂಗ್‌ನದ್ದೇ ಎಂದು ತಿಳಿಯುವುದು ಹೇಗೆ?

ಬೇರಿಂಗ್ ಸದ್ದು ಕಾರಿನ ವೇಗದ ಜೊತೆ ಏರುತ್ತದೆ, ಇಂಜಿನ್ ವೇಗದ ಜೊತೆ ಅಲ್ಲ. ಗೇರ್ ಬದಲಿಸಿದರೂ ಅದೇ ವೇಗದಲ್ಲಿ ಅದೇ ಸದ್ದು ಇರುತ್ತದೆ. ಬಲಕ್ಕೆ ತಿರುಗುವಾಗ ಭಾರ ಎಡ ಚಕ್ರಗಳ ಮೇಲೆ ಬೀಳುತ್ತದೆ. ಆಗ ಸದ್ದು ಹೆಚ್ಚಾದರೆ ಎಡಗಡೆಯ ಬೇರಿಂಗ್ ಮೇಲೆ ಅನುಮಾನ ಪಡಬಹುದು.

ಆದರೆ ಏರುಪೇರಾಗಿ ಸವೆದ ಟೈರ್ ಕೂಡ ಹೆಚ್ಚುಕಡಿಮೆ ಇದೇ ಸದ್ದು ಮಾಡುತ್ತದೆ. ಟೈರ್ ಸದ್ದು ಡಾಂಬರು ರಸ್ತೆಯಿಂದ ಕಾಂಕ್ರೀಟ್ ರಸ್ತೆಗೆ ಹೋದಾಗ ಬದಲಾಗುತ್ತದೆ. ಹಿಂದಿನ ಚಕ್ರಗಳನ್ನು ಮುಂದಕ್ಕೆ ಹಾಕಿ ಓಡಿಸಿದಾಗ ಸದ್ದೂ ಮುಂದಕ್ಕೆ ಬಂದರೆ ತಪ್ಪು ಟೈರ್‌ನದ್ದು. ಇಷ್ಟನ್ನು ನೋಡದೆ ಬೇರಿಂಗ್ ಬದಲಿಸಿ, ಸದ್ದು ಹಾಗೇ ಉಳಿದರೆ ದುಡ್ಡೂ ಶ್ರಮವೂ ವ್ಯರ್ಥ.

ಕೊನೆಯ ಪರೀಕ್ಷೆ ಜಾಕ್ ಏರಿಸಿ, ಸ್ಟ್ಯಾಂಡ್ ಕೊಟ್ಟ ಮೇಲೆ. ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿದಾಗ ಕಟಕಟ ಎಂದರೆ, ಅಥವಾ ಕೈಯಿಂದ ತಿರುಗಿಸುವಾಗ ಸಸ್ಪೆನ್ಷನ್ ಸ್ಪ್ರಿಂಗ್ ಮೇಲಿಟ್ಟ ಇನ್ನೊಂದು ಕೈಗೆ ಗರಗರ ನಡುಕ ಗೊತ್ತಾದರೆ ಬೇರಿಂಗ್ ಹೋಗಿದೆ ಎಂದೇ ಅರ್ಥ.

ಹೇಳಿಕೆ 1: “ಡಬ್ಲ್ಯುಡಿ-40 ಹೊಡೆದರೆ ಸದ್ದು ನಿಲ್ಲುತ್ತದೆ”

ತಪ್ಪು. 1953ರಲ್ಲಿ ಅಮೆರಿಕದಲ್ಲಿ ತಯಾರಾದ ಈ ದ್ರವದ ಹೆಸರಿನ ಡಬ್ಲ್ಯುಡಿ ಎಂದರೆ ನೀರನ್ನು ಹೊರದೂಡುವುದು ಎಂದು. ನಲವತ್ತನೇ ಪ್ರಯತ್ನದಲ್ಲಿ ಸೂತ್ರ ಕೈಗೂಡಿದ್ದರಿಂದ 40 ಸೇರಿತು. ತುಕ್ಕು ಹಿಡಿದ ನಟ್ಟು ಸಡಿಲಿಸಲು ಅದು ಒಳ್ಳೆಯದೇ. ಆದರೆ ಕಾರಿನ ಭಾರ ಹೊರುವ ದಪ್ಪ ಗ್ರೀಸ್‌ನ ಕೆಲಸ ಅದರಿಂದ ಆಗದು. ಸೀಲ್ ಚೆನ್ನಾಗಿದ್ದರೆ ಅದು ಒಳಗೇ ಹೋಗುವುದಿಲ್ಲ, ಹೋದರೆ ಉಳಿದ ಗ್ರೀಸನ್ನೂ ತೆಳುಮಾಡುತ್ತದೆ. ಚಕ್ಕೆ ಎದ್ದ ಉಕ್ಕು ಯಾವ ಎಣ್ಣೆಯಿಂದಲೂ ಮತ್ತೆ ನುಣುಪಾಗುವುದಿಲ್ಲ. ಎಲ್ಲಕ್ಕಿಂತ ದೊಡ್ಡ ಅಪಾಯವೆಂದರೆ ಪಕ್ಕದಲ್ಲೇ ಇರುವ ಬ್ರೇಕ್ ಶೂ ಮೇಲೆ ಎಣ್ಣೆ ಬಿದ್ದರೆ ಬ್ರೇಕ್ ಸರಿಯಾಗಿ ಹಿಡಿಯುವುದಿಲ್ಲ.

ಹೇಳಿಕೆ 2: “ಹ್ಯಾಂಡ್ ಬ್ರೇಕ್ ಹಾಕಿ ಜಾಕ್ ಏರಿಸಿದರೆ ಸಾಕು”

ಇದು ಜೀವಕ್ಕೇ ಅಪಾಯ. ನಮ್ಮ ಹೆಚ್ಚಿನ ಕಾರುಗಳಲ್ಲಿ ಹ್ಯಾಂಡ್ ಬ್ರೇಕ್ ಹಿಡಿಯುವುದು ಹಿಂದಿನ ಚಕ್ರಗಳನ್ನು. ನಾವು ಎತ್ತುವುದೂ ಹಿಂದಿನ ಚಕ್ರವನ್ನೇ. ಮೇಲಾಗಿ ಬ್ರೇಕ್ ಡ್ರಮ್ ಹೊರಗೆ ಬರಬೇಕಾದರೆ ಹ್ಯಾಂಡ್ ಬ್ರೇಕ್ ಬಿಡಲೇಬೇಕು. ಆದ್ದರಿಂದ ಸಮತಟ್ಟಾದ ಗಟ್ಟಿ ನೆಲ, ಮುಂದಿನ ಚಕ್ರಗಳಿಗೆ ಎರಡೂ ಕಡೆ ಅಡ್ಡ ಕೊಟ್ಟ ಕಟ್ಟೆ, ಗೇರ್‌ನಲ್ಲಿ ನಿಲ್ಲಿಸಿದ ಕಾರು ಇವು ಮೊದಲು. ಜಾಕ್ ಇರುವುದು ಎತ್ತುವುದಕ್ಕೆ, ಹೊತ್ತು ನಿಲ್ಲುವುದಕ್ಕಲ್ಲ. ಎತ್ತಿದ ಮೇಲೆ ಕಂಪನಿ ತೋರಿಸಿದ ಜಾಗದಲ್ಲಿ ಆಕ್ಸಲ್ ಸ್ಟ್ಯಾಂಡ್ ಇಡಬೇಕು. ಇಟ್ಟಿಗೆ, ಕಲ್ಲು ಬೇಡ, ಅವು ಒಮ್ಮೆಲೇ ಒಡೆಯುತ್ತವೆ. ನಡುವಿನ ದೊಡ್ಡ ನಟ್ಟು ತುಂಬ ಬಿಗಿಯಾಗಿರುತ್ತದೆ. ಅದನ್ನು ಕಾರು ನೆಲದ ಮೇಲಿರುವಾಗಲೇ ಸಡಿಲಿಸಬೇಕು, ಸ್ಟ್ಯಾಂಡ್ ಮೇಲೆ ನಿಂತ ಕಾರನ್ನು ಜಗ್ಗಬಾರದು.

ಡ್ರಮ್ ಬಿಚ್ಚಿದಾಗ ಬರುವ ಧೂಳನ್ನು ಊದಬಾರದು, ಗಾಳಿ ಹೊಡೆಯಲೂಬಾರದು. ಹಳೆಯ ಬ್ರೇಕ್ ಶೂಗಳಲ್ಲಿ ಕಲ್ನಾರು ಬಳಸುತ್ತಿದ್ದರು, ಅದರ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು. ಒದ್ದೆ ಬಟ್ಟೆಯಿಂದ ಒರೆಸಿ, ಮಾಸ್ಕ್ ಹಾಕಿಕೊಳ್ಳಿ.

ಹೇಳಿಕೆ 3: “ಹೊಸ ಬೇರಿಂಗನ್ನು ಸುತ್ತಿಗೆಯಿಂದ ಬಡಿದು ಕೂರಿಸಬಹುದು”

ಇಲ್ಲಿ ನಿಮ್ಮ ಕಾರಿನಲ್ಲಿ ಯಾವ ಬಗೆಯ ಬೇರಿಂಗ್ ಇದೆ ಎಂಬುದು ಮುಖ್ಯ.

ಮೊದಲನೆಯದು, ಹಬ್ ಸಮೇತ ಬರುವ ಬೇರಿಂಗ್. ಕೆಲವು ಬೋಲ್ಟ್‌ಗಳನ್ನು ಬಿಚ್ಚಿ ಹಳೆಯದನ್ನು ತೆಗೆದು, ಹೊಸದನ್ನು ಕೂರಿಸಿ ಬಿಗಿ ಮಾಡಿದರೆ ಆಯಿತು. ಅನುಭವವಿರುವವರು ಮನೆಯಲ್ಲಿ ಮಾಡಬಹುದಾದ ಕೆಲಸ.

ಎರಡನೆಯದು, ಬ್ರೇಕ್ ಡ್ರಮ್ ಅಥವಾ ಹಬ್‌ನ ಒಳಗೆ ಬಿಗಿಯಾಗಿ ಒತ್ತಿ ಕೂರಿಸಿದ ಬೇರಿಂಗ್. ಇದರ ಹೊರಬಳೆ ತಾನು ಕೂರುವ ರಂಧ್ರಕ್ಕಿಂತ ಮಿಲಿಮೀಟರ್‌ನ ನೂರರ ಕೆಲವು ಪಾಲಿನಷ್ಟು ದೊಡ್ಡದಿರುತ್ತದೆ. ಅದನ್ನು ಪ್ರೆಸ್‌ನಿಂದ ನೇರವಾಗಿ, ಹೊರಬಳೆಯ ಮೇಲೆ ಮಾತ್ರ ಒತ್ತಬೇಕು. ಒಳಬಳೆಯ ಮೇಲೆ ಬಡಿದರೆ ಪೆಟ್ಟು ಗುಂಡುಗಳ ಮೂಲಕ ಹಾದುಹೋಗಿ, ಅವು ಓಡುವ ದಾರಿಯಲ್ಲಿ ಕಣ್ಣಿಗೆ ಕಾಣದ ಕುಳಿಗಳನ್ನು ಮೂಡಿಸುತ್ತದೆ. ಆ ದಿನ ಕಾರು ಸದ್ದಿಲ್ಲದೆ ಓಡಬಹುದು. ಕೆಲವು ವಾರಗಳಲ್ಲಿ ಅದೇ ಗುಂಯ್ ಮತ್ತೆ ಶುರು. ಆಗ ನಾವು “ಡೂಪ್ಲಿಕೇಟ್ ಮಾಲು” ಎಂದು ಅಂಗಡಿಯವರನ್ನು ಬೈಯುತ್ತೇವೆ.

ಮೂರನೆಯದು, ಕೆಲವು ಹಳೆಯ ಕಾರುಗಳಲ್ಲಿರುವ ಓರೆ ರೋಲರ್‌ಗಳ ಜೋಡಿ ಬೇರಿಂಗ್. ಇದನ್ನು ಬಿಚ್ಚಿ, ತೊಳೆದು, ಗ್ರೀಸ್ ತುಂಬಿ ಮತ್ತೆ ಕೂರಿಸಬಹುದು. ಸವೆದಿದ್ದರೆ ಬದಲಿಸಬೇಕು.

ಹೇಳಿಕೆ 4: “ಬೇರಿಂಗನ್ನು ಫ್ರೀಜರ್‌ನಲ್ಲಿಟ್ಟರೆ ಸುಲಭವಾಗಿ ಕೂರುತ್ತದೆ”

ಇದರಲ್ಲಿ ನಿಜಾಂಶವಿದೆ. ಲೋಹ ತಣ್ಣಗಾದರೆ ಕುಗ್ಗುತ್ತದೆ. 60 ಮಿ.ಮೀ. ಅಗಲದ ಉಕ್ಕಿನ ಬೇರಿಂಗನ್ನು 28 ಡಿಗ್ರಿಯಿಂದ ಮೈನಸ್ 18 ಡಿಗ್ರಿಗೆ ತಂದರೆ ಸುಮಾರು 0.03 ಮಿ.ಮೀ. ಕುಗ್ಗುತ್ತದೆ. ಕೂದಲಿನ ದಪ್ಪದ ಅರ್ಧದಷ್ಟೂ ಇಲ್ಲವೆನ್ನಬಹುದು, ಆದರೂ ಒತ್ತುವ ಕೆಲಸ ಸ್ವಲ್ಪ ಹಗುರವಾಗುತ್ತದೆ. ಹಾಗೆಂದು ಪ್ರೆಸ್ ಬೇಡ ಎಂದಲ್ಲ. ಪ್ಯಾಕೆಟ್ ಬಿಚ್ಚದೆ ಇಡಿ, ಇಲ್ಲದಿದ್ದರೆ ತೇವ ಹಿಡಿಯುತ್ತದೆ. ಆದರೆ ಬೇರಿಂಗ್‌ಗೆ ಬೆಂಕಿ ತೋರಿಸುವುದು ಬೇಡವೇ ಬೇಡ. ಸೀಲ್, ಗ್ರೀಸ್ ಎರಡೂ ಸುಡುತ್ತವೆ.

ಹೇಳಿಕೆ 5: “ನಟ್ಟನ್ನು ಶಕ್ತಿಯಿದ್ದಷ್ಟು ಬಿಗಿ ಮಾಡಿ”

ತಪ್ಪು. ನಡುವಿನ ನಟ್ಟು ಎಷ್ಟು ಬಿಗಿಯಾಗಿರಬೇಕು ಎಂಬುದು ಪ್ರತಿ ಕಾರಿಗೂ ಬೇರೆ. ಸರ್ವಿಸ್ ಮ್ಯಾನುಯಲ್‌ನಲ್ಲಿರುವ ಅಂಕಿಗೆ ಟಾರ್ಕ್ ರೆಂಚ್ ಇಟ್ಟು ಬಿಗಿ ಮಾಡಬೇಕು. ಸೀಲ್ ಮಾಡಿದ ಬೇರಿಂಗ್‌ನಲ್ಲಿ ನಟ್ಟು ಸಡಿಲವಾದರೆ ಬಳೆಗಳು ಅಲ್ಲಾಡಿ ಸವೆಯುತ್ತವೆ. ಓರೆ ರೋಲರ್ ಬೇರಿಂಗ್‌ನಲ್ಲಿ ಹೆಚ್ಚು ಬಿಗಿಯಾದರೆ ಕಾದು ಸುಟ್ಟುಹೋಗುತ್ತದೆ. ಅಂಚು ತಟ್ಟಿ ಲಾಕ್ ಮಾಡುವ ನಟ್ಟು, ಸ್ಪ್ಲಿಟ್ ಪಿನ್ ಇವನ್ನು ಪ್ರತಿ ಸಲವೂ ಹೊಸದು ಹಾಕಬೇಕು. ಹತ್ತಿಪ್ಪತ್ತು ರೂಪಾಯಿಯ ಪಿನ್ ಉಳಿಸಲು ಹೋಗಿ ಚಕ್ರವನ್ನೇ ಕಳೆದುಕೊಳ್ಳಬಾರದು.

ಎಬಿಎಸ್ ಇರುವ ಕಾರುಗಳಲ್ಲಿ ಇನ್ನೊಂದು ಎಚ್ಚರ ಬೇಕು. ಅನೇಕ ಬೇರಿಂಗ್‌ಗಳ ಒಂದು ಬದಿಯ ಸೀಲ್‌ನಲ್ಲೇ ಅಯಸ್ಕಾಂತದ ಪಟ್ಟಿ ಇರುತ್ತದೆ. ಚಕ್ರದ ವೇಗ ಓದುವ ಸೆನ್ಸರ್‌ಗೆ ಆ ಬದಿಯೇ ಎದುರಾಗಿರಬೇಕು. ತಿರುಗಾಮುರುಗಾ ಕೂರಿಸಿದರೆ ಕಾರು ಓಡುತ್ತದೆ, ಆದರೆ ಎಬಿಎಸ್ ದೀಪ ಉರಿಯುತ್ತದೆ, ಬ್ರೇಕ್ ಹಾಕಿದಾಗ ಆ ರಕ್ಷಣೆ ಸಿಗುವುದಿಲ್ಲ.

ಹಾಗಾದರೆ ಏನು ಮಾಡಬೇಕು?

ಪ್ರೆಸ್ ಬೇಕಾಗುವ ಬೇರಿಂಗ್ ಇದ್ದರೆ ನಡುದಾರಿಯೊಂದಿದೆ. ಡ್ರಮ್ ಬಿಚ್ಚುವುದು, ಒರೆಸುವುದು, ಮತ್ತೆ ಜೋಡಿಸುವುದನ್ನು ಗೊತ್ತಿದ್ದರೆ ನೀವೇ ಮಾಡಿ. ಡ್ರಮ್ಮನ್ನೂ ಹೊಸ ಬೇರಿಂಗನ್ನೂ ಪ್ರೆಸ್ ಇರುವ ಗ್ಯಾರೇಜ್‌ಗೆ ಅಥವಾ ಲೇತ್ ಅಂಗಡಿಗೆ ಕೊಂಡುಹೋಗಿ ಒತ್ತಿಸಿಕೊಂಡು ಬನ್ನಿ. ಹಳೆಯ ಬೇರಿಂಗ್ ಕೂತಿದ್ದ ಸ್ಪಿಂಡಲ್ ಮೇಲೆ ಗೀರು, ನೀಲಿ ಬಣ್ಣದ ಸುಟ್ಟ ಗುರುತು ಇದ್ದರೆ ಅಲ್ಲಿಗೇ ನಿಲ್ಲಿಸಿ ಮೆಕ್ಯಾನಿಕ್‌ಗೆ ತೋರಿಸಿ. ಜೋಡಿಸಿದ ಮೇಲೆ ಚಕ್ರವನ್ನು ಕೈಯಿಂದ ತಿರುಗಿಸಿ, ಅಲ್ಲಾಡಿಸಿ ನೋಡಿ. ಬ್ರೇಕ್ ಪೆಡಲ್ ಗಟ್ಟಿಯಾಗುವವರೆಗೆ ಒತ್ತಿ, ಮೊದಲು ಖಾಲಿ ರಸ್ತೆಯಲ್ಲಿ ನಿಧಾನವಾಗಿ ಓಡಿಸಿ. 50 ರಿಂದ 100 ಕಿ.ಮೀ. ಆದ ಮೇಲೆ ಚಕ್ರದ ನಟ್ಟುಗಳನ್ನು ಮತ್ತೊಮ್ಮೆ ಪರೀಕ್ಷಿಸಿ.

“ಸದ್ದು ತಾನೇ, ಓಡಲಿ ಬಿಡಿ” ಎನ್ನುವುದೂ ಸರಿಯಲ್ಲ. ಸವೆದ ಬೇರಿಂಗ್ ದಿನೇ ದಿನೇ ಸಡಿಲವಾಗುತ್ತದೆ, ಕಾಯುತ್ತದೆ, ಕೊನೆಗೆ ಚಕ್ರ ಹಿಡಿದುಕೊಳ್ಳಬಹುದು ಅಥವಾ ಕಳಚಿ ಬೀಳಬಹುದು. ಸದ್ದು ಶುರುವಾದ ಮೇಲೆ ದೂರದ ಪ್ರಯಾಣ ಹೊರಡಬೇಡಿ.

ಒಟ್ಟಿನಲ್ಲಿ ಹೇಳುವುದಾದರೆ, ಹಿಂದಿನ ಚಕ್ರದ ಬೇರಿಂಗ್ ಮನೆಯಲ್ಲಿ ಬದಲಿಸಬಹುದು ಎನ್ನುವುದು ಭಾಗಶಃ ನಿಜ. ಜಾಕ್, ಸುತ್ತಿಗೆ ಸಾಕು ಎನ್ನುವುದು ಸುಳ್ಳು. ಅಂತಹ ವಿಡಿಯೋ ನಿಮಗೆ ಬಂದರೆ, ಅದರಲ್ಲಿ ಸ್ಟ್ಯಾಂಡ್ ಕಾಣುತ್ತಿದೆಯೇ, ಟಾರ್ಕ್ ರೆಂಚ್ ಕಾಣುತ್ತಿದೆಯೇ ಎಂದು ಮೊದಲು ನೋಡಿ. ಎರಡೂ ಇಲ್ಲದಿದ್ದರೆ ದಯವಿಟ್ಟು ಮುಂದಕ್ಕೆ ಕಳಿಸಬೇಡಿ.